ಮಂಡಿಗೆಯ ಹಾಳೆ, ಸಮೋಸದ ಪಟ್ಟಿ

ಮನಸ್ಸಿನಲ್ಲೇ ಮಂಡಿಗೆ ತಿನ್ನುವುದು ಎಂಬ ಮಾತು ಕನ್ನಡದಲ್ಲಿ ಬಹಳ ಹಳೆಯದು. ಕೈಯಲ್ಲಿ ಕಾಸಿಲ್ಲದೆ ದೊಡ್ಡ ದೊಡ್ಡ ಆಸೆ ಕಟ್ಟಿಕೊಳ್ಳುವವರಿಗೆ ಹಿರಿಯರು ಹೇಳುವ ಮಾತಿದು. ನಾವೆಲ್ಲರೂ ಇದನ್ನು ಆಡಿದವರೇ. ಆದರೆ ಮಂಡಿಗೆಯನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಎಷ್ಟು ಮಂದಿ? ದಕ್ಷಿಣದ ಜಿಲ್ಲೆಗಳ ಓದುಗರಿಗಂತೂ ಅದು ಗಾದೆಯೊಳಗೆ ಮಾತ್ರ ಉಳಿದ ತಿಂಡಿ. ಬೆಳಗಾವಿ, ಧಾರವಾಡದ ಕಡೆ ಮಾಂಡೆ ಎಂದೂ ಕರೆಯುವ ಕಾಗದದಷ್ಟು ತೆಳುವಾದ ಈ ಸಿಹಿ, ಇಂದಿಗೂ ಕೆಲವು ಮದುವೆ ಮನೆಗಳಲ್ಲಿ ತಯಾರಾಗುತ್ತದೆ. ಅದನ್ನು ಮಾಡುವುದನ್ನು ನೋಡುವ, ತಿನ್ನುವ ಅವಕಾಶ ನಮಗೆ ಬೈರಿದೇವರಕೊಪ್ಪದಲ್ಲಿ ಒದಗಿತು.

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು 20 ಕಿಲೋಮೀಟರ್. ಉಣಕಲ್ ಕೆರೆ ದಾಟಿ, ನವನಗರ ಮುಟ್ಟುವ ಮೊದಲು ಸಿಗುವ ಊರೇ ಬೈರಿದೇವರಕೊಪ್ಪ. 1962ರಲ್ಲಿ ಎರಡೂ ನಗರಗಳು ಒಂದೇ ಮಹಾನಗರ ಪಾಲಿಕೆಯಾದ ಮೇಲೆ ನಡುವಿನ ಹಳ್ಳಿಗಳು ಒಂದೊಂದಾಗಿ ಬಡಾವಣೆಗಳಾದವು. ಈಗ ಚಿಗರಿ ಬಸ್ಸು ಊರ ಮುಂದೆಯೇ ಭರ್ರನೆ ಹಾದು ಹೋಗುತ್ತದೆ. ರಸ್ತೆ ಬದಿಯಲ್ಲಿದ್ದ ಹಜ್ರತ್ ಸೈಯದ್ ಮಹಮೂದ್ ಶಾ ಖಾದ್ರಿ ದರ್ಗಾ 2022ರ ಡಿಸೆಂಬರಿನಲ್ಲಿ ಬಿಆರ್‌ಟಿಎಸ್ ಕಾಮಗಾರಿಗಾಗಿ ತೆರವಾದಾಗ ಊರಿನ ಹೆಸರು ರಾಜ್ಯದ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಅದಕ್ಕೂ ಮೊದಲು, ಅದಾದ ನಂತರವೂ, ಇಲ್ಲಿನ ಓಣಿಗಳಲ್ಲಿ ಜನ ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಓಡಾಡುತ್ತಲೇ ಇದ್ದಾರೆ.

ನಾವು ಬೆಳಗಾವಿಗೆ ಹೋಗುವ ದಾರಿಯಲ್ಲಿ ಸಂಬಂಧಿಕರ ಮನೆಯಲ್ಲಿ ಒಂದು ದಿನ ಉಳಿದಿದ್ದೆವು. ಪಕ್ಕದ ಮನೆಯಲ್ಲಿ ಮಗಳ ಮದುವೆ. ಬೆಳಗಾವಿ ಕಡೆಯಿಂದ ಮಾಂಡೆ ಮಾಡುವ ಹೆಣ್ಣುಮಕ್ಕಳನ್ನು ಕರೆಸಿದ್ದರು. ಜುಮಾ ಮುಗಿಸಿ ಬರುವಷ್ಟರಲ್ಲಿ ಹಿತ್ತಲಿನಲ್ಲಿ ಕಟ್ಟಿಗೆ ಒಲೆ ಹೊತ್ತಿತ್ತು. ಬಾಗಿಲಲ್ಲಿ ನಿಂತು ಇಣುಕುತ್ತಿದ್ದ ನಮ್ಮನ್ನು ಆ ಮನೆಯ ಯಜಮಾನಿತಿ, "ಹೊರಗ ಯಾಕ ನಿಂತೀರಿ, ಒಳಗ ಬರ್ರಿ, ಕುಂತು ನೋಡ್ರಿ" ಎಂದು ಕರೆದರು. ನಮ್ಮ ಮನೆಯ ಖಾಲಾ ಅದಾಗಲೇ ಒಲೆಯ ಹತ್ತಿರ ಮಣೆ ಹಾಕಿಕೊಂಡು ಕುಳಿತಾಗಿತ್ತು.

ಕಣಕವನ್ನು ಆಗಲೇ ನಾದಿ, ಎಣ್ಣೆ ಹಚ್ಚಿ, ಒದ್ದೆ ಬಟ್ಟೆ ಮುಚ್ಚಿ ಬಿಟ್ಟಿದ್ದರು. ಬೆರಳಿನಿಂದ ಎಳೆದರೆ ಹರಿಯದೆ ಎಳೆಯಾಗಿ ಬರುವಷ್ಟು ಮೆತ್ತಗಾಗಿತ್ತು. ಒಳಗೆ ತುಂಬುವುದು ಸಕ್ಕರೆ ಪುಡಿ, ತುಪ್ಪ, ಏಲಕ್ಕಿ, ಗಸಗಸೆ. ಹೋಳಿಗೆಗೆ ಮಾಡುವಂತೆ ಉಂಡೆಯೊಳಗೆ ಹೂರಣ ಇಟ್ಟು ಮುಚ್ಚಿ ಲಟ್ಟಿಸುತ್ತಾರೆ. ಅಲ್ಲಿಯವರೆಗೆ ನಮಗೆ ಗೊತ್ತಿರುವ ಕೆಲಸವೇ. ಮುಂದಿನದು ಬೇರೆ. ಲಟ್ಟಿಸಿದ್ದನ್ನು ಆ ತಾಯಿ ಎರಡೂ ಮುಂಗೈಗಳ ಮೇಲೆ ಹಾಕಿಕೊಂಡು ಮೆಲ್ಲಗೆ ಬೀಸುತ್ತ, ತಿರುಗಿಸುತ್ತ ಹಿಗ್ಗಿಸಿದರು. ನೋಡನೋಡುತ್ತಿದ್ದಂತೆ ಅದು ತಲೆವಸ್ತ್ರದಷ್ಟು ಅಗಲವಾಯಿತು. ಅದರ ಮೂಲಕ ಒಲೆಯ ಬೆಂಕಿ ಕೆಂಪಗೆ ಕಾಣುತ್ತಿತ್ತು. ಒಲೆಯ ಮೇಲೆ ಬೋರಲು ಹಾಕಿದ ದೊಡ್ಡ ಗಡಿಗೆ. ಅದರ ಉಬ್ಬಿದ ಬೆನ್ನಿನ ಮೇಲೆ ಆ ಹಾಳೆಯನ್ನು ಹೊದಿಸಿ, ಕಂದು ಚುಕ್ಕೆ ಏಳುತ್ತಿದ್ದಂತೆ ತೆಗೆದು, ಬಿಸಿ ಇರುವಾಗಲೇ ಮಡಚಿಬಿಟ್ಟರು. ಒಂದು ನಿಮಿಷ ತಡವಾದರೂ ಮಡಚಲು ಬರುವುದಿಲ್ಲ, ಹಪ್ಪಳದಂತೆ ಮುರಿಯುತ್ತದೆ.

"ಎಷ್ಟ ವರ್ಷದಿಂದ ಮಾಡ್ತೀರಿ ಅಕ್ಕಾರ?" ಎಂದು ಖಾಲಾ ಕೇಳಿದರು.

"ನಮ್ಮ ಅತ್ತಿ ಕಲಿಸಿದ್ರಿ. ಕೈಗೆ ಬರಾಕ ಮೂರು ವರ್ಷ ಬೇಕಾತು. ಅವಸರ ಮಾಡಿದ್ರ ಹರೀತೈತ್ರಿ. ಕಣಕ ನೆನೀಬೇಕು, ಕೈ ತಣ್ಣಗಿರಬೇಕು."

ಖಾಲಾ ನಕ್ಕು, "ನಮ್ಮ ಸಮೋಸಾ ಪಟ್ಟೀದೂ ಇದ ಹಣೇಬರಹ ನೋಡ್ರಿ" ಎಂದರು.

ಬಿಸ್ಮಿಲ್ಲಾ ಹೇಳಿ ಬಾಯಿಗಿಟ್ಟರೆ ಮೊದಲು ಸದ್ದು, ಆಮೇಲೆ ಸಿಹಿ. ಹಾಲಿನೊಂದಿಗೆ ತಿನ್ನುವವರೂ ಇದ್ದಾರೆ. ನಮಗೆ ಹಾಗೇ ತಿಂದದ್ದೇ ರುಚಿಸಿತು.

ಖಾಲಾ ಆಡಿದ ಮಾತು ನಮ್ಮ ತಲೆಯಲ್ಲಿ ಉಳಿಯಿತು. ಮಂಡಿಗೆಯ ಹಾಳೆಗೂ ಸಮೋಸದ ಪಟ್ಟಿಗೂ ಏನು ನಂಟು? ಊರಿಗೆ ಬಂದ ಮೇಲೆ ಪುಸ್ತಕಗಳನ್ನು ತೆರೆದು ಕುಳಿತೆವು.

ಮಂಡಿಗೆಯ ಕಥೆ ನಮ್ಮ ನೆಲದಲ್ಲೇ ಸಿಗುತ್ತದೆ. ಇಂದಿನ ಬಸವಕಲ್ಯಾಣದಿಂದ ಆಳಿದ ಕಲ್ಯಾಣ ಚಾಲುಕ್ಯರ ದೊರೆ ಮೂರನೇ ಸೋಮೇಶ್ವರ (1126-1138) ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಎಂಬ ದೊಡ್ಡ ಗ್ರಂಥ ಬರೆದ. ಆನೆ ಹಿಡಿಯುವುದರಿಂದ ಹಿಡಿದು ಅಡುಗೆಯವರೆಗೆ ಅರಸನ ಬದುಕಿನ ಎಲ್ಲವೂ ಅದರಲ್ಲಿದೆ. ಅದರ ಅನ್ನಭೋಗದ ಭಾಗದಲ್ಲಿ 'ಮಂಡಕ' ಬರುತ್ತದೆ. ಗೋಧಿಯನ್ನು ತೊಳೆದು, ಬಿಸಿಲಿಗೆ ಒಣಗಿಸಿ, ಬೀಸಿ, ಜರಡಿ ಹಿಡಿದು, ತುಪ್ಪ, ಉಪ್ಪು ಸೇರಿಸಿ ನಾದಿ, ಕೈಯಿಂದ ಹಿಗ್ಗಿಸಿ, ಕಾದ ಮಣ್ಣಿನ ಹೆಂಚಿನ ಮೇಲೆ ಬೇಯಿಸುವ ಕ್ರಮ ಅಲ್ಲಿದೆ. ಬೈರಿದೇವರಕೊಪ್ಪದ ಪಕ್ಕದ ಉಣಕಲ್ಲಿನಲ್ಲಿ ನಿಂತಿರುವ ಚಂದ್ರಮೌಳೇಶ್ವರ ಗುಡಿಯೂ ಚಾಲುಕ್ಯರ ಕಾಲದ್ದೇ. ಮಹಾರಾಷ್ಟ್ರದ ಜನರ ಬಾಯಲ್ಲಿ ಇನ್ನೊಂದು ಕಥೆಯಿದೆ. 13ನೇ ಶತಮಾನದ ಸಂತ ಜ್ಞಾನೇಶ್ವರರ ತಂಗಿ ಮುಕ್ತಾಬಾಯಿಗೆ ಮಾಂಡೆ ಬೇಯಿಸಲು ಗಡಿಗೆ ಸಿಗದಂತೆ ಊರಿನವರೊಬ್ಬರು ಮಾಡಿದಾಗ, ಅಣ್ಣ ತನ್ನ ಬೆನ್ನನ್ನೇ ಕಾಯಿಸಿ ಕೊಟ್ಟರಂತೆ. ಕಥೆ ಹೇಗೇ ಇರಲಿ, ಬೋರಲು ಗಡಿಗೆಯ ಉಬ್ಬು ಬೆನ್ನಿನ ಮೇಲೆ ಮಾಂಡೆ ಬೇಯುವುದನ್ನು ಕಂಡವರೇ ಅದನ್ನು ಕಟ್ಟಿರಬೇಕು.

ಸಮೋಸದ ದಾರಿ ಇನ್ನೂ ಉದ್ದ. ಅರಬಿಯಲ್ಲಿ ಅದರ ಹೆಸರು ಸಂಬೂಸಜ್. ಫಾರಸಿಯಿಂದ ಬಂದ ಮಾತು. ಅಬ್ಬಾಸೀ ಖಲೀಫರ ಬಗ್ದಾದಿನಲ್ಲಿ ಅದು ಎಷ್ಟು ಮೆಚ್ಚಿನದಾಗಿತ್ತೆಂದರೆ, ಸಂಗೀತಗಾರ ಇಸ್‌ಹಾಕ್ ಅಲ್ ಮೌಸಿಲಿ ಅದರ ಮೇಲೆ ಪದ್ಯವನ್ನೇ ಕಟ್ಟಿದ. ಅದನ್ನು ಖಲೀಫ ಮುಸ್ತಕ್ಫಿಯ ಮುಂದೆ ಓದಲಾಯಿತೆಂದು ಇತಿಹಾಸಕಾರ ಮಸ್ಊದಿ ಬರೆದಿದ್ದಾನೆ. 10ನೇ ಶತಮಾನದ ಇಬ್ನು ಸಯ್ಯಾರ್ ಅಲ್ ವರ್ರಾಕ್‌ನ ಅಡುಗೆ ಪುಸ್ತಕದಲ್ಲೂ ಸಂಬೂಸಜ್ ಇದೆ.

ನಮ್ಮನ್ನು ನಿಲ್ಲಿಸಿದ್ದು 1226ರ ಒಂದು ಪುಸ್ತಕ. ಮುಹಮ್ಮದ್ ಬಿನ್ ಹಸನ್ ಅಲ್ ಬಗ್ದಾದಿ ಬರೆದ 'ಕಿತಾಬುತ್ತಬೀಖ್'. ಮಂಗೋಲರು ಬಗ್ದಾದನ್ನು ನೆಲಸಮ ಮಾಡಲು ಇನ್ನು 32 ವರ್ಷಗಳಿದ್ದವು. ಕುರಿ ಮಾಂಸವನ್ನು ಸಣ್ಣಗೆ ಕೊಚ್ಚಿ, ಕೊತ್ತಂಬರಿ, ಜೀರಿಗೆ, ಮೆಣಸು, ಚಕ್ಕೆ, ಪುದೀನ ಹಾಕಿ ಬೇಯಿಸಬೇಕು. ತೆಳ್ಳನೆಯ ರೊಟ್ಟಿಯನ್ನು ಉದ್ದುದ್ದ ಪಟ್ಟಿಗಳಾಗಿ ಕತ್ತರಿಸಬೇಕು. ಮಾಂಸ ತುಂಬಿ ಮೂರು ಮೂಲೆಯಾಗಿ ಮಡಚಿ, ಅಂಚಿಗೆ ಹಿಟ್ಟಿನ ಅಂಟು ಹಚ್ಚಿ, ಎಳ್ಳೆಣ್ಣೆಯಲ್ಲಿ ಕರಿಯಬೇಕು. ಇದನ್ನು ಓದಿದ ಮೇಲೆ ನಾವು ಪುಸ್ತಕ ಕೆಳಗಿಟ್ಟೆವು. ರಮಝಾನಿನ ಮಧ್ಯಾಹ್ನ ನಮ್ಮ ಮನೆಗಳ ಅಡುಗೆಕೋಣೆಯಲ್ಲಿ ನಡೆಯುವುದು ಅಕ್ಷರಶಃ ಇದೇ. ನಾಲ್ಕೈದು ಸಣ್ಣ ಪೂರಿಗಳ ನಡುವೆ ಎಣ್ಣೆ ಸವರಿ, ಹಿಟ್ಟು ಉದುರಿಸಿ, ಒಂದರ ಮೇಲೊಂದಿಟ್ಟು ಒಟ್ಟಿಗೆ ಲಟ್ಟಿಸುವುದು. ತವೆಯ ಮೇಲೆ ಅರೆಬರೆ ಕಾಯಿಸುವುದು. ಬೆರಳು ಸುಡುತ್ತಿರುವಾಗಲೇ ಪದರ ಪದರವಾಗಿ ಬಿಡಿಸುವುದು. ಪಟ್ಟಿ ಕತ್ತರಿಸುವುದು, ಮೂರು ಮೂಲೆ ಮಡಚುವುದು, ಮೈದಾ ಅಂಟಿನಿಂದ ಮುಚ್ಚುವುದು. ಖಾಲಾ ಆ ಪುಸ್ತಕದ ಹೆಸರು ಕೇಳಿದವರಲ್ಲ. ಅವರ ತಾಯಿಯೂ ಕೇಳಿರಲಿಲ್ಲ.

ನಡುವಿನ ಶತಮಾನಗಳಲ್ಲಿ ಇದು ಹೇಗೆ ಬಂತು? ಅಲ್ಲಲ್ಲಿ ಹೆಜ್ಜೆ ಗುರುತುಗಳಿವೆ. 1333ರಲ್ಲಿ ಹಿಂದೂಸ್ತಾನಕ್ಕೆ ಬಂದ ಇಬ್ನು ಬತೂತ, ಮುಲ್ತಾನಿನಿಂದ ದೆಹಲಿಗೆ ಹೋಗುವ ದಾರಿಯ ಊಟವನ್ನು ವರ್ಣಿಸುತ್ತಾ 'ಸಮೂಸಕ್' ಎನ್ನುತ್ತಾನೆ. ಕೊಚ್ಚಿದ ಮಾಂಸ, ಬಾದಾಮಿ, ಅಕ್ರೋಟು, ಪಿಸ್ತಾ, ಈರುಳ್ಳಿ, ಮಸಾಲೆಯನ್ನು ತೆಳು ರೊಟ್ಟಿಯಲ್ಲಿ ಸುತ್ತಿ ತುಪ್ಪದಲ್ಲಿ ಕರಿದದ್ದು. ಒಬ್ಬೊಬ್ಬರ ಮುಂದೆ ನಾಲ್ಕೈದು ಇಡುತ್ತಿದ್ದರಂತೆ. ಅದೇ ಪ್ರವಾಸಿ ಮುಂದೆ ನಮ್ಮ ಹೊನ್ನಾವರಕ್ಕೆ ಬಂದ. ಅಲ್ಲಿನ ಸುಲ್ತಾನ್ ಜಮಾಲುದ್ದೀನನ ಜೊತೆ 11 ತಿಂಗಳು ರೊಟ್ಟಿಯನ್ನೇ ಕಾಣದೆ ಬರೀ ಅನ್ನ ಉಂಡೆ ಎಂದು ಬರೆದುಕೊಂಡಿದ್ದಾನೆ. ಪಾಪ, ಘಟ್ಟ ಹತ್ತಿ ಗೋಧಿ ಜೋಳದ ನಾಡಿಗೆ ಬಂದಿದ್ದರೆ ಅವನ ಆ ಕೊರಗು ತೀರುತ್ತಿತ್ತೇನೋ.

ಮೂರನೆಯ ಗುರುತು ಮಾಳವದ ಮಾಂಡೂ ಕೋಟೆಯದ್ದು. 1469ರಿಂದ 1500ರವರೆಗೆ ಆಳಿದ ಸುಲ್ತಾನ್ ಗಿಯಾಸ್ ಶಾಹಿಗಾಗಿ ಸಿದ್ಧವಾದ 'ನಿಅಮತ್‌ನಾಮಾ' ಎಂಬ ಅಡುಗೆ ಗ್ರಂಥ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರಲ್ಲಿ ಸಮೋಸಗಳ ಹಲವು ಬಗೆಗಳಿವೆ, ಬಣ್ಣದ ಚಿತ್ರಗಳೂ ಇವೆ. ಚಿತ್ರದಲ್ಲಿ ಸುಲ್ತಾನ ಕುಳಿತು ನೋಡುತ್ತಿದ್ದಾನೆ, ಸುತ್ತ ಹೆಣ್ಣುಮಕ್ಕಳು ಒಲೆಯ ಮುಂದೆ, ತಟ್ಟೆಯ ಮುಂದೆ ಕೆಲಸದಲ್ಲಿದ್ದಾರೆ. ಸುಲ್ತಾನನ ಹೆಸರು ನಮಗೆ ಗೊತ್ತು. ಆ ಹೆಣ್ಣುಮಕ್ಕಳಲ್ಲಿ ಒಬ್ಬರ ಹೆಸರೂ ಗೊತ್ತಿಲ್ಲ. ಸೋಮೇಶ್ವರನ ಗ್ರಂಥದಲ್ಲೂ ಹಾಗೆಯೇ. ಮಂಡಕವನ್ನು ಹಿಗ್ಗಿಸಿದ ಕೈ ಯಾರದ್ದೆಂದು ಅಲ್ಲಿಲ್ಲ. ಖಲೀಫರು, ರಾಜರು, ಸುಲ್ತಾನರ ಹೆಸರಿನಲ್ಲಿ ಓದುವ ತಿಂಡಿಯ ಚರಿತ್ರೆ, ನಿಜವಾಗಿ ಅತ್ತೆಯಿಂದ ಸೊಸೆಗೆ, ತಾಯಿಯಿಂದ ಮಗಳಿಗೆ ಕೈಯಿಂದ ಕೈಗೆ ಬಂದದ್ದು.

ಹಾಗಾಗಿಯೇ ಇದು ಯಾರ ತಿಂಡಿ, ಯಾರದ್ದಲ್ಲ ಎಂಬ ಈಚಿನ ಜಗಳ ನಮಗೆ ಹುರುಳಿಲ್ಲದ್ದಾಗಿ ಕಾಣುತ್ತದೆ. ಮಂಡಕ ಹಿಂದೂಗಳದ್ದು, ಸಮೋಸ ಮುಸ್ಲಿಮರದ್ದು ಎಂದು ಗೆರೆ ಎಳೆದರೆ, ಧಾರವಾಡ ಪೇಡೆಯನ್ನು ಏನು ಮಾಡುವುದು? ಅದನ್ನು ತಂದದ್ದು ಉತ್ತರದ ಉನ್ನಾವ್‌ನಿಂದ ಬಂದು ನೆಲೆಸಿದ ಠಾಕೂರ್ ಮನೆತನ. ಇಂದು ಅದಕ್ಕೆ ಧಾರವಾಡದ್ದೇ ಹೆಸರು, ಭೌಗೋಳಿಕ ಗುರುತಿನ ಮುದ್ರೆಯೂ ಸಿಕ್ಕಿದೆ. ಆ ಹಿತ್ತಲಿನಲ್ಲಿ ಇಬ್ಬರು ಹೆಂಗಸರು ಒಬ್ಬರ ಕೈಯನ್ನು ಇನ್ನೊಬ್ಬರು ನೋಡುತ್ತಿದ್ದಾಗ ಅವರಿಗೆ ಬೇಕಾಗಿದ್ದದ್ದು ಹಾಳೆ ಹರಿಯದಂತೆ ಮಾಡುವ ಉಪಾಯ ಮಾತ್ರ. ಹೊರಡುವ ಹೊತ್ತಿಗೆ ಖಾಲಾ ಒಂದು ಸಲ ಮುಂಗೈ ಮೇಲೆ ಹಾಕಿಕೊಂಡು ಬೀಸಿಯೂ ನೋಡಿದರು. ನಡುವೆ ಹರಿಯಿತು. "ಪಟ್ಟಿ ಮಾಡೋ ಕೈ ಐತಿ, ಇನ್ನೆರಡು ದಿನ ಬಂದ್ರ ಬರತೈತ್ರಿ" ಎಂದು ಆ ತಾಯಿ ಧೈರ್ಯ ಹೇಳಿದರು.

ಆದರೆ ಎರಡೂ ಕೆಲಸ ಈಗ ಇಳಿಮುಖ. ಮಾಂಡೆ ಮಾಡುವವರ ಮನೆಯ ಹುಡುಗಿಯರು ಬೇರೆ ಕೆಲಸ ಹಿಡಿಯುತ್ತಿದ್ದಾರೆ. ಹೊಗೆ, ಬೆಂಕಿ, ಇಡೀ ದಿನ ನಿಂತ ಸೊಂಟನೋವು, ಅದಕ್ಕೆ ತಕ್ಕ ಕೂಲಿಯೂ ಇಲ್ಲ ಎಂದಮೇಲೆ ಅವರನ್ನು ತಪ್ಪು ಎನ್ನಲಾಗದು. ನಮ್ಮ ಮನೆಗಳಿಗೆ ಯಂತ್ರದ ಪಟ್ಟಿ ಪ್ಯಾಕೆಟ್ಟಿನಲ್ಲಿ ಬರುತ್ತಿದೆ. ರಮಝಾನಿನಲ್ಲಿ ಓಣಿಯ ಬಡ ಹೆಂಗಸರು ಕೈಯಲ್ಲಿ ಪಟ್ಟಿ ಮಾಡಿ ಮಾರಿ ಈದ್‌ನ ಖರ್ಚು ನೋಡಿಕೊಳ್ಳುತ್ತಿದ್ದ ಕಾಲವೊಂದಿತ್ತು. ಕೆಲವು ಊರುಗಳಲ್ಲಿ ಈಗಲೂ ಇದ್ದಾರೆ. ಪ್ಯಾಕೆಟ್ಟಿಗಿಂತ ನಾಲ್ಕು ಕಾಸು ಹೆಚ್ಚಾದೀತು, ಆದರೆ ಕರಿದಾಗ ಏಳುವ ಗುಳ್ಳೆ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ಇನ್ನೊಂದು ವಿಚಿತ್ರ. ದೊಡ್ಡ ಹೋಟೆಲುಗಳಲ್ಲಿ ಸಮೋಸ ಎಂದು ಕೊಡುವ ದಪ್ಪ ಸಿಪ್ಪೆಯ, ಆಲೂಗಡ್ಡೆ ತುಂಬಿದ ತಿಂಡಿಗೂ ಬಗ್ದಾದಿನ ಸಂಬೂಸಜ್‌ಗೂ ನಂಟು ದೂರದ್ದು. ಆಲೂಗಡ್ಡೆಯಂತೂ ಅಮೆರಿಕ ಖಂಡದಿಂದ ಯುರೋಪಿನವರ ಹಡಗಿನಲ್ಲಿ ಬಂದದ್ದು. 1226ರ ಪುಸ್ತಕ ಹೇಳಿದಂತೆ ಪಟ್ಟಿ ಕತ್ತರಿಸಿ, ಮೂರು ಮೂಲೆ ಮಡಚಿ, ಅಂಟು ಹಚ್ಚಿ ಕರಿದದ್ದು ಬೇಕಾದರೆ ರೈಲಿನಲ್ಲಿ ಬುಟ್ಟಿ ಹೊತ್ತು ಕೂಗುತ್ತ ಬರುವ ಹುಡುಗನ ಕೈಯಲ್ಲಿ ಸಿಗುತ್ತದೆ. ಬೆರಳುದ್ದದ ಈರುಳ್ಳಿ ಸಮೋಸ. ಮಾಂಸದ ಜಾಗದಲ್ಲಿ ಈರುಳ್ಳಿ ಬಂದಿದೆ, ಎಳ್ಳೆಣ್ಣೆಯ ಜಾಗದಲ್ಲಿ ಬೇರೆ ಎಣ್ಣೆ. ಮಡಿಕೆ ಮಾತ್ರ ಹಾಗೇ ಇದೆ.