ಆನ್‌ಲೈನ್ ಪಾಠ ಮತ್ತು ವರ್ಣ ಮನೋವಿಜ್ಞಾನ

ಬಣ್ಣಗಳು ಮನುಷ್ಯನ ಗಮನ, ಭಾವ ಮತ್ತು ನೆನಪಿನ ಮೇಲೆ ಬೀರುವ ಪ್ರಭಾವವನ್ನು ಅಭ್ಯಸಿಸುವ ಶಾಖೆ ವರ್ಣ ಮನೋವಿಜ್ಞಾನ. ಇದರ ತಿಳಿವಳಿಕೆಯನ್ನು ಅಂತರಜಾಲದ ಪಾಠಗಳಿಗೆ ಅಳವಡಿಸುವ ರೂಢಿ ಶುರುವಾದದ್ದು 1990ರ ದಶಕದಲ್ಲಿ; ಆದರೆ ಕಲಿಸಲು ಬಣ್ಣ ಬಳಸುವ ಯೋಚನೆ ಅದಕ್ಕಿಂತ ಬಹಳ ಹಳೆಯದು. ಈ ಇತಿಹಾಸದುದ್ದಕ್ಕೂ ಎರಡು ಎಳೆಗಳು ಹೆಣೆದುಕೊಂಡು ಬಂದಿವೆ. ನೀಲಿ ಮನಸ್ಸನ್ನು ತಣಿಸುತ್ತದೆ, ಕೆಂಪು ಕೆರಳಿಸುತ್ತದೆ, ಹಳದಿ ಉಲ್ಲಾಸ ತರುತ್ತದೆ ಎಂಬ ನಂಬಿಕೆ ಒಂದು. ಬಣ್ಣವೆಂದರೆ ಗುರುತು, ಯಾವುದಕ್ಕೆ ಯಾವುದು ಸಂಬಂಧ ಎಂಬುದನ್ನು ಕಣ್ಣಿಗೆ ತೋರಿಸಿಕೊಡುವ ಸಾಧನ ಎಂಬ ತಿಳಿವಳಿಕೆ ಇನ್ನೊಂದು. ಮೊದಲನೆಯದಕ್ಕೆ ಪ್ರಚಾರ ಹೆಚ್ಚು, ಎರಡನೆಯದಕ್ಕೆ ಪುರಾವೆ ಹೆಚ್ಚು.

ಪರದೆ ಬರುವ ಮುನ್ನ

ನ್ಯೂಟನ್ 1704ರಲ್ಲಿ ಪ್ರಕಟಿಸಿದ ‘ಆಪ್ಟಿಕ್ಸ್’ ಗ್ರಂಥದಲ್ಲಿ ಬಣ್ಣವನ್ನು ಬೆಳಕಿನ ಗುಣವಾಗಿ ವಿವರಿಸಿದರೆ, ಜರ್ಮನ್ ಕವಿ ಗಯಟೆ 1810ರಲ್ಲಿ ತನ್ನ ವರ್ಣಸಿದ್ಧಾಂತದ ಗ್ರಂಥದಲ್ಲಿ ಬಣ್ಣ ನೋಡುವವನ ಮನಸ್ಸಿನಲ್ಲಿ ಏನಾಗುತ್ತದೆ ಎಂದು ಕೇಳಿದ. ಭೌತವಿಜ್ಞಾನವಾಗಿ ಗಯಟೆಯ ವಾದ ನಿಲ್ಲಲಿಲ್ಲ. ಹಳದಿಗೆ ಬಿಸುಪು, ನೀಲಿಗೆ ತಂಪು ಎಂಬ ಅವನ ವಿಂಗಡಣೆ ಮಾತ್ರ ಇಂದಿನ ವಿನ್ಯಾಸ ಕೈಪಿಡಿಗಳಲ್ಲೂ ಮುಂದುವರಿದಿದೆ. ಪ್ಯಾರಿಸ್‌ನ ಗೋಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಹೊಣೆ ಹೊತ್ತಿದ್ದ ರಸಾಯನವಿಜ್ಞಾನಿ ಶೆವ್ರಲ್ ಬೇರೊಂದು ದಾರಿ ಹಿಡಿದ. ಅಲ್ಲಿನ ಕಪ್ಪು ನೂಲು ಪೇಲವವಾಗಿದೆ ಎಂದು ಗಿರಾಕಿಗಳು ದೂರುತ್ತಿದ್ದರು. ನೂಲಿನ ಬಣ್ಣದಲ್ಲಿ ದೋಷವಿರಲಿಲ್ಲ, ಪಕ್ಕದಲ್ಲಿ ನೇಯ್ದ ಬಣ್ಣಗಳಿಂದಾಗಿ ಅದು ಹಾಗೆ ಕಾಣುತ್ತಿತ್ತು. ಒಂದು ಬಣ್ಣ ಹೇಗೆ ಕಾಣುತ್ತದೆ ಎಂಬುದು ಅದರ ನೆರೆಯ ಬಣ್ಣವನ್ನು ಅವಲಂಬಿಸಿದೆ ಎಂಬ ಅವನ ನಿಯಮ 1839ರಲ್ಲಿ ಪುಸ್ತಕವಾಗಿ ಹೊರಬಂತು. ಆನ್‌ಲೈನ್ ಪಾಠದ ವಿನ್ಯಾಸಕಾರ ಗಯಟೆಗಿಂತ ಶೆವ್ರಲ್‌ನಿಂದ ಕಲಿಯಬೇಕಾದದ್ದೇ ಹೆಚ್ಚು.

ಬಣ್ಣವನ್ನೇ ಪಾಠದ ಭಾಷೆಯಾಗಿಸಿದ ಮೊದಲ ದೊಡ್ಡ ಸಾಹಸ 1847ರದ್ದು. ಆಲಿವರ್ ಬರ್ನ್ ಎಂಬ ಎಂಜಿನಿಯರ್ ಯೂಕ್ಲಿಡನ ರೇಖಾಗಣಿತದ ಮೊದಲ ಆರು ಅಧ್ಯಾಯಗಳನ್ನು ಅಕ್ಷರ ಸಂಕೇತಗಳಿಲ್ಲದೆ ಬರೆದ. ಲಂಡನ್ನಿನ ವಿಲಿಯಂ ಪಿಕರಿಂಗ್ ಪ್ರಕಟಿಸಿದ ಈ ಪುಸ್ತಕದ ಪುಟ ತೆರೆದರೆ ‘ಕೋನ ಎಬಿಸಿ’ ಎಂಬಂಥ ಮಾತು ಕಾಣುವುದಿಲ್ಲ. ಆ ಪದ ಇರಬೇಕಾದ ಕಡೆ, ವಾಕ್ಯದ ನಡುವೆಯೇ, ಹಳದಿಯದೋ ಕೆಂಪಿನದೋ ಒಂದು ಪುಟ್ಟ ಕೋನದ ಚಿತ್ರ ಅಚ್ಚಾಗಿರುತ್ತದೆ. ಪಕ್ಕದ ಆಕೃತಿಯಲ್ಲಿ ಅದೇ ಬಣ್ಣದ ಕೋನವಿರುತ್ತದೆ. ಓದುಗನ ಕಣ್ಣು ಅಕ್ಷರ ಹುಡುಕುತ್ತ ಚಿತ್ರಕ್ಕೂ ಸಾಲಿಗೂ ಅಲೆಯಬೇಕಿಲ್ಲ. ಈ ಕ್ರಮದಿಂದ ಮೂರನೇ ಒಂದು ಪಾಲಿಗಿಂತ ಕಡಿಮೆ ಸಮಯದಲ್ಲಿ ಯೂಕ್ಲಿಡನನ್ನು ಕಲಿಯಬಹುದು ಎಂದು ಬರ್ನ್ ಮುನ್ನುಡಿಯಲ್ಲಿ ಹೇಳಿಕೊಂಡ. ಅದಕ್ಕೆ ಅಳತೆಯ ಲೆಕ್ಕಗಳನ್ನು ಮಾತ್ರ ಅವನು ಕೊಡಲಿಲ್ಲ. ಕೆಂಪು, ಹಳದಿ, ನೀಲಿ, ಕಪ್ಪು ನಾಲ್ಕನ್ನೂ ಒಂದಕ್ಕೊಂದು ಕೂಡಿಸಿ ಅಚ್ಚು ಹಾಕುವುದು ಆ ಕಾಲಕ್ಕೆ ದುಬಾರಿ ಕೆಲಸ. ಪುಸ್ತಕ ಶಾಲೆಗಳನ್ನು ತಲುಪಲಿಲ್ಲ. ಆದರೂ ಒಂದೂವರೆ ಶತಮಾನದ ನಂತರ ಪ್ರಯೋಗಶಾಲೆಗಳಲ್ಲಿ ಗಟ್ಟಿಗೊಂಡ ತತ್ವವನ್ನು ಬರ್ನ್ ಆಗಲೇ ಹಿಡಿದಿದ್ದ.

ಎಡಿನ್‌ಬರೋ ನಗರದ ಶಿಕ್ಷಕ ಜೇಮ್ಸ್ ಪಿಲನ್ಸ್ ಭೂಗೋಳ ಕಲಿಸಲು ಕರಿಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣ ಬಳಸಿದ್ದು, ಜರ್ಮನ್ ಶಿಕ್ಷಣತಜ್ಞ ಫ್ರೋಬೆಲ್ ಮಕ್ಕಳ ಕೈಗೆ ಬಣ್ಣದ ಉಣ್ಣೆಯ ಚೆಂಡುಗಳನ್ನು ಕೊಟ್ಟದ್ದು, ಮಾಂಟೆಸೊರಿ ನಾಮಪದಕ್ಕೆ ಕಪ್ಪು ತ್ರಿಕೋನ, ಕ್ರಿಯಾಪದಕ್ಕೆ ಕೆಂಪು ವೃತ್ತ ಎಂದು ಗೊತ್ತುಮಾಡಿದ್ದು ಇದೇ ಪರಂಪರೆ. ಬೆಲ್ಜಿಯಂನ ಶಿಕ್ಷಕ ಜಾರ್ಜ್ ಕ್ವಿಜ್‌ನೇರ್ 1952ರಲ್ಲಿ ಅಂಕಿಗಳಿಗೆ ಬಣ್ಣದ ಕಡ್ಡಿಗಳನ್ನು ಜೋಡಿಸಿ ಲೆಕ್ಕ ಕಲಿಸುವ ವಿಧಾನದ ಬಗ್ಗೆ ಪುಸ್ತಕ ಬರೆದ.

ಇತ್ತ ಅಮೆರಿಕದಲ್ಲಿ ಫೇಬರ್ ಬಿರೆನ್ 1930ರ ದಶಕದಿಂದ ಬಣ್ಣದ ಸಲಹೆ ಕೊಡುವುದನ್ನೇ ವೃತ್ತಿ ಮಾಡಿಕೊಂಡ. ಯಾವ ಬಣ್ಣಕ್ಕೆ ಯಾವ ಭಾವ ಎಂಬ ಪಟ್ಟಿಗಳು ಜನಪ್ರಿಯವಾಗುವುದರಲ್ಲಿ 1950ರಲ್ಲಿ ಬಂದ ಅವನ ಪುಸ್ತಕದ ಪಾಲು ದೊಡ್ಡದು. ಅಂಥ ಪಟ್ಟಿಗಳೇ ಮುಂದೆ ವೆಬ್ ವಿನ್ಯಾಸದ ಬರಹಗಳಿಗೂ ಹರಿದುಬಂದವು. ಸಾಲಿನಲ್ಲಿ ಬೇರೆಯಾಗಿ ಎದ್ದುಕಾಣುವ ವಸ್ತು ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ ಎಂದು ಹೆಡ್ವಿಗ್ ಫಾನ್ ರೆಸ್ಟಾರ್ಫ್ 1933ರಲ್ಲೇ ತೋರಿಸಿದ್ದಳು. ಆ ಕೆಲಸಕ್ಕೆ ಬಿರೆನ್‌ನ ಪಟ್ಟಿಗಳಷ್ಟು ಪ್ರಚಾರ ಸಿಗಲಿಲ್ಲ. ಪುಟದಲ್ಲಿ ಹತ್ತು ಪದಗಳಿಗೆ ಬಣ್ಣ ಬಳಿದರೆ ಯಾವುದೂ ಎದ್ದುಕಾಣದು ಎಂಬ ಪಾಠ ಅದರಲ್ಲಿತ್ತು.

ಸಿನಿಮಾ, ಟಿವಿ

ಬಣ್ಣದ ಫಿಲ್ಮ್‌ಗೆ ಹೆಚ್ಚು ಖರ್ಚಾಗುತ್ತಿದ್ದರಿಂದ, ಕಲಿಕೆಗೆ ಅದರಿಂದ ಲಾಭವಿದೆಯೇ ಎಂಬ ಪ್ರಶ್ನೆ ಮೊದಲು ಎದ್ದದ್ದು ಶೈಕ್ಷಣಿಕ ಚಿತ್ರಗಳ ವಿಷಯದಲ್ಲಿ. ಒಂದೇ ಚಿತ್ರವನ್ನು ಬಣ್ಣದಲ್ಲೂ ಕಪ್ಪು ಬಿಳುಪಿನಲ್ಲೂ ತೋರಿಸಿ ಹೋಲಿಸಿದ ವ್ಯಾಂಡರ್‌ಮೀರ್ ಅವರ 1954ರ ಅಧ್ಯಯನದ ಪ್ರಕಾರ, ವಿದ್ಯಾರ್ಥಿಗಳು ಇಷ್ಟಪಟ್ಟದ್ದು ಬಣ್ಣವನ್ನು, ಆದರೆ ಕಲಿಕೆಯ ಲಾಭ ಆ ಖರ್ಚನ್ನು ಸಮರ್ಥಿಸುವಷ್ಟಿರಲಿಲ್ಲ. ಇಷ್ಟವಾಗುವುದು ಬೇರೆ, ಕಲಿಯುವುದು ಬೇರೆ ಎಂಬ ಈ ತೀರ್ಮಾನ ಮುಂದಿನ ದಶಕಗಳಲ್ಲಿ ಮತ್ತೆ ಮತ್ತೆ ಮರುಕಳಿಸಿತು. ಪೆನ್ಸಿಲ್ವೇನಿಯಾದ ಫ್ರಾನ್ಸಿಸ್ ಡ್ವೈಯರ್ ಹೃದಯದ ರಚನೆಯ ಕುರಿತ ಒಂದೇ ಪಾಠವನ್ನು ರೇಖಾಚಿತ್ರ, ಛಾಯಾಚಿತ್ರ ಎಂದು ಬಗೆಬಗೆಯಾಗಿ, ಬಣ್ಣ ಹಾಕಿ, ಬಣ್ಣ ತೆಗೆದು ವರ್ಷಗಟ್ಟಲೆ ಪರೀಕ್ಷಿಸಿದರು. ಚಿತ್ರ ನಿಜದಂತೆ ಕಂಡಷ್ಟೂ ಕಲಿಕೆ ಹೆಚ್ಚುತ್ತದೆ ಎಂಬ ನಂಬಿಕೆ ಅಲ್ಲಿ ಬಿದ್ದುಹೋಯಿತು. ಎಷ್ಟೋ ಸಲ ಸರಳ ರೇಖಾಚಿತ್ರವೇ ಗೆದ್ದಿತು.

ಭಾರತದಲ್ಲಿ ಪರದೆಯ ಮೇಲಿನ ಪಾಠ ಬಣ್ಣವಿಲ್ಲದೆಯೇ ಶುರುವಾಯಿತು. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ಉಪಗ್ರಹ ಬೋಧನಾ ಟಿವಿ ಪ್ರಯೋಗ ‘ಸೈಟ್’ ಸುಮಾರು 2,400 ಹಳ್ಳಿಗಳನ್ನು ಮುಟ್ಟಿತು. ಕರ್ನಾಟಕದಲ್ಲಿ ಆಯ್ಕೆಯಾದ ಹಳ್ಳಿಗಳು ರಾಯಚೂರು, ಗುಲ್ಬರ್ಗಾ ಮತ್ತು ಬಿಜಾಪುರ ಜಿಲ್ಲೆಗಳವು. ಬೆಳಗಿನ ಹೊತ್ತು ಶಾಲಾಮಕ್ಕಳು ನೋಡಿದ ಕನ್ನಡ ಪಾಠಗಳು ಕಪ್ಪು ಬಿಳುಪಿನವು. ದೂರದರ್ಶನಕ್ಕೆ ಬಣ್ಣ ಬಂದದ್ದು 1982ರ ಏಷ್ಯನ್ ಕ್ರೀಡಾಕೂಟದ ವರ್ಷದಲ್ಲಿ. ಅದರಲ್ಲಿ ಯುಜಿಸಿಯ ದೇಶವ್ಯಾಪಿ ತರಗತಿಗಳು 1984ರಲ್ಲಿ ಆರಂಭವಾದವು.

ಕಂಪ್ಯೂಟರ್ ಮತ್ತು 216 ಬಣ್ಣಗಳು

ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1960ರಲ್ಲಿ ಹುಟ್ಟಿದ ‘ಪ್ಲೇಟೊ’ ವ್ಯವಸ್ಥೆಯನ್ನು ಆನ್‌ಲೈನ್ ಪಾಠಗಳ ಮೂಲಪುರುಷ ಎನ್ನಬಹುದು. 1972ರ ಹೊತ್ತಿಗೆ ಬಂದ ಅದರ ನಾಲ್ಕನೇ ಆವೃತ್ತಿಯ ಪ್ಲಾಸ್ಮಾ ಪರದೆಯಲ್ಲಿ ಇದ್ದದ್ದು ಒಂದೇ ಬಣ್ಣ, ನಿಯಾನ್ ಅನಿಲದ ಕಿತ್ತಳೆ. ರಸಾಯನವಿಜ್ಞಾನವಾಗಲಿ ಫ್ರೆಂಚ್ ಆಗಲಿ, ಎಲ್ಲವೂ ಕಪ್ಪಿನ ಮೇಲೆ ಕಿತ್ತಳೆಯಲ್ಲೇ. ವಿನ್ಯಾಸಕಾರನ ಕೈಯಲ್ಲಿದ್ದದ್ದು ಜಾಗ, ಗಾತ್ರ ಮತ್ತು ಚಲನೆ ಮಾತ್ರ.

1990ರ ದಶಕದಲ್ಲಿ ವೆಬ್ ಬಂದಾಗ ಬಹಳಷ್ಟು ಕಂಪ್ಯೂಟರುಗಳು ಏಕಕಾಲಕ್ಕೆ ತೋರಿಸಬಲ್ಲ ಬಣ್ಣಗಳು 256. ಬೇರೆ ಬೇರೆ ಯಂತ್ರಗಳಲ್ಲಿ ಒಂದೇ ರೀತಿ ಮೂಡುತ್ತಿದ್ದವು 216: ಕೆಂಪು, ಹಸಿರು, ನೀಲಿ ಪ್ರತಿಯೊಂದಕ್ಕೂ ಆರು ಹಂತ, ಆರನ್ನು ಆರರಿಂದ, ಮತ್ತೆ ಆರರಿಂದ ಗುಣಿಸಿದರೆ ಈ ಸಂಖ್ಯೆ. ಈ ಪಟ್ಟಿಯನ್ನು ವಿನ್ಯಾಸಕಾರರ ನಡುವೆ ಪ್ರಚುರಪಡಿಸಿದವರು ಲಿಂಡಾ ವೈನ್‌ಮನ್. ಅವರು ತಮ್ಮ ಪತಿಯೊಂದಿಗೆ 1995ರಲ್ಲಿ ಸ್ಥಾಪಿಸಿದ ‘ಲಿಂಡಾ ಡಾಟ್ ಕಾಮ್’ ಮುಂದೆ ಆನ್‌ಲೈನ್ ಪಾಠಗಳ ದೊಡ್ಡ ಸಂಸ್ಥೆಯಾಗಿ ಬೆಳೆಯಿತು. 2015ರಲ್ಲಿ ಲಿಂಕ್ಡ್‌ಇನ್ ಅದನ್ನು 150 ಕೋಟಿ ಡಾಲರಿಗೆ ಕೊಂಡುಕೊಂಡಿತು. ಬಣ್ಣ ಹಚ್ಚುವ ಕುಶಲತೆ ಮತ್ತು ಜಾಲದಲ್ಲಿ ಕಲಿಸುವ ವ್ಯಾಪಾರ ಎರಡೂ ಒಬ್ಬರಲ್ಲೇ ಸೇರಿದ ಅಪರೂಪದ ಉದಾಹರಣೆ ಇದು.

ವೆಬ್‌ಸಿಟಿ, ಬ್ಲ್ಯಾಕ್‌ಬೋರ್ಡ್, 2002ರ ಮೂಡಲ್ ಮುಂತಾದ ಪಾಠ ನಿರ್ವಹಣಾ ವ್ಯವಸ್ಥೆಗಳು ಬಂದ ಮೇಲೆ ಬಣ್ಣದ ಆಯ್ಕೆ ಮೇಷ್ಟರ ಕೈತಪ್ಪಿ ಸಂಸ್ಥೆಗಳ ಕೈಗೆ ಹೋಯಿತು. ಅಲ್ಲಿ ಲಾಂಛನಕ್ಕೆ ಹೊಂದುವುದೇ ಮುಖ್ಯ ಮಾನದಂಡ. ಬ್ರ್ಯಾಂಡ್ ಬಣ್ಣಗಳ ಹಿಂದೆ ಆಳವಾದ ಮನೋವಿಜ್ಞಾನವಿದೆ ಎಂದುಕೊಳ್ಳುವವರು ಭಾಷೆ ಕಲಿಸುವ ಆ್ಯಪ್ ಡುವೊಲಿಂಗೊದ ಹಸಿರನ್ನು ನೆನೆಯಬೇಕು: ಸಹಸ್ಥಾಪಕ ಸೆವರಿನ್ ಹ್ಯಾಕರ್ ಹಸಿರೊಂದು ಬೇಡ ಎಂದಿದ್ದಕ್ಕೆ ಅದನ್ನೇ ಆರಿಸಲಾಯಿತು ಎಂದು ಇನ್ನೊಬ್ಬ ಸ್ಥಾಪಕ ಲೂಯಿಸ್ ಫಾನ್ ಆನ್ ಹೇಳಿದ್ದಾರೆ.

ಅಮೆರಿಕದ ಬೋಧಕ ಸಲ್ಮಾನ್ ಖಾನ್ 2006ರಿಂದ ಯೂಟ್ಯೂಬಿಗೆ ಏರಿಸಿದ ಗಣಿತದ ಪಾಠಗಳಲ್ಲಿ ಕರಿಹಲಗೆ ಮರಳಿ ಬಂತು. ಕಪ್ಪು ಹಿನ್ನೆಲೆ, ಅದರ ಮೇಲೆ ಹಳದಿ, ಗುಲಾಬಿ, ತಿಳಿನೀಲಿ ಬರಹ. ಸಮೀಕರಣದ ಪ್ರತಿ ಪದಕ್ಕೂ ತನ್ನದೇ ಬಣ್ಣ. ಎಡೆಕ್ಸ್ ಕೋರ್ಸುಗಳ 69 ಲಕ್ಷ ವೀಕ್ಷಣೆಗಳನ್ನು ವಿಶ್ಲೇಷಿಸಿದ 2014ರ ಅಧ್ಯಯನವೊಂದು, ಸ್ಲೈಡುಗಳಿಗಿಂತ ಇಂಥ ಕೈಬರಹದ ವೀಡಿಯೊಗಳನ್ನು ಜನ ಹೆಚ್ಚು ಹೊತ್ತು ನೋಡುತ್ತಾರೆ ಎಂದು ಕಂಡುಕೊಂಡಿತು. ಇದರಲ್ಲಿ ಬಣ್ಣದ ಪಾಲೆಷ್ಟು ಎಂದು ಅದು ಬೇರ್ಪಡಿಸಿ ಅಳೆದಿಲ್ಲ.

ಕೆಂಪು ನೀಲಿಯ ಜಗಳ

ಭಾವಗಳ ಪಟ್ಟಿಗೆ ವೈಜ್ಞಾನಿಕ ಬೆಂಬಲ ಸಿಕ್ಕಿತೆಂದು ಅನ್ನಿಸಿದ್ದು 2007ರಲ್ಲಿ. ಆಂಡ್ರೂ ಎಲಿಯಟ್ ಮತ್ತು ಸಂಗಡಿಗರು ಪ್ರಶ್ನೆಪತ್ರಿಕೆಯ ಮೇಲೆ ವಿದ್ಯಾರ್ಥಿಯ ಸಂಖ್ಯೆಯನ್ನು ಕೆಂಪು, ಹಸಿರು ಅಥವಾ ಕಪ್ಪು ಶಾಯಿಯಲ್ಲಿ ಬರೆದರು. ಕೆಂಪು ಕಂಡವರು ಪದಬಂಧದಂಥ ಸಮಸ್ಯೆಗಳಲ್ಲಿ ಹಿಂದೆ ಬಿದ್ದರು. ಉತ್ತರಪತ್ರಿಕೆಯ ಮೇಲೆ ಮೇಷ್ಟರ ಕೆಂಪು ಗೀಟು ಕಂಡು ಬೆಳೆದವರಿಗೆ ಆ ಬಣ್ಣ ಸೋಲಿನ ಸೂಚನೆ ಎಂಬ ವಿವರಣೆ ನಮ್ಮಲ್ಲೂ ಯಾರಿಗಾದರೂ ಒಪ್ಪಿತವಾಗುವಂಥದ್ದೇ. 2009ರಲ್ಲಿ ರವಿ ಮೆಹ್ತಾ ಮತ್ತು ರೂಯಿ ಝು ‘ಸೈನ್ಸ್’ ಪತ್ರಿಕೆಯಲ್ಲಿ ಇನ್ನೂ ಆಕರ್ಷಕವಾದ ಫಲಿತಾಂಶ ಪ್ರಕಟಿಸಿದರು: ಕಂಪ್ಯೂಟರ್ ಪರದೆಯ ಹಿನ್ನೆಲೆ ಕೆಂಪಾದರೆ ವಿವರಗಳತ್ತ ಗಮನ ಹೆಚ್ಚು, ನೀಲಿಯಾದರೆ ಸೃಜನಶೀಲತೆ ಹೆಚ್ಚು. ಪಾಠ ವಿನ್ಯಾಸದ ಕೈಪಿಡಿ ಬರೆಯುವವರಿಗೆ ಹಬ್ಬವಾಯಿತು.

ಹಬ್ಬ ಬಹಳ ದಿನ ನಡೆಯಲಿಲ್ಲ. 2014ರಲ್ಲಿ ಕೆನೆತ್ ಸ್ಟೀಲ್ ಆ ಪ್ರಯೋಗದ ಒಂದು ಭಾಗವನ್ನು ಮರಳಿ ನಡೆಸಿದಾಗ ಪರಿಣಾಮ ಕಾಣಲಿಲ್ಲ. ಕೆಂಪಿನ ಕುರಿತ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಲೆಕ್ಕಹಾಕಿದ ಟೀಮೊ ನಾಮ್ಸ್ 2020ರಲ್ಲಿ, ಬುದ್ಧಿಶಕ್ತಿಯ ಕೆಲಸಗಳ ಮೇಲೆ ಕೆಂಪಿನ ಪ್ರಭಾವಕ್ಕೆ ಇರುವ ಪುರಾವೆ ತೀರಾ ಸೀಮಿತ ಎಂದು ತೀರ್ಮಾನಿಸಿದರು. ನೀಲಿ ಹಿನ್ನೆಲೆ ಹಾಕಿದರೆ ವಿದ್ಯಾರ್ಥಿಗಳು ಶಾಂತರಾಗಿ ಓದುತ್ತಾರೆ ಎಂಬ ಸಲಹೆ ಇಂದಿಗೂ ಎಲ್ಲೆಡೆ ಸಿಗುತ್ತದೆ. ಅದನ್ನು ಅಭಿರುಚಿಯ ಮಾತಾಗಿ ತೆಗೆದುಕೊಳ್ಳಬಹುದೇ ಹೊರತು ವಿಜ್ಞಾನವಾಗಿ ಅಲ್ಲ.

ಭಾವದ ಪಕ್ಷ ಪೂರ್ತಿ ಸೋತಿತೆಂದೂ ಹೇಳುವಂತಿಲ್ಲ. ಲಸಿಕೆ ದೇಹದಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬ ಕಂಪ್ಯೂಟರ್ ಪಾಠವನ್ನು ಜ್ಯಾನ್ ಪ್ಲಾಸ್ ಅವರ ತಂಡ 2012ರಲ್ಲಿ ಎರಡು ರೀತಿ ಸಿದ್ಧಪಡಿಸಿತು: ಒಂದು ಬೂದು ಬಣ್ಣದ್ದು, ಇನ್ನೊಂದು ಬೆಚ್ಚನೆಯ ಬಣ್ಣಗಳಲ್ಲಿ ದುಂಡುಮುಖದ ಆಕೃತಿಗಳಿದ್ದದ್ದು. ಎರಡನೆಯದನ್ನು ಓದಿದವರು ವಿಷಯವನ್ನು ಚೆನ್ನಾಗಿ ಗ್ರಹಿಸಿದರು. ಮುಂದೆ ಬಣ್ಣ ಮತ್ತು ಆಕಾರಗಳನ್ನು ಬೇರೆ ಮಾಡಿ ನೋಡಿದಾಗ, ಉಲ್ಲಾಸ ತಂದದ್ದು ದುಂಡುಮುಖಗಳು. ಬೆಚ್ಚನೆಯ ಬಣ್ಣವೊಂದೇ ಭಾವವನ್ನು ಕದಲಿಸಲಿಲ್ಲ, ಗ್ರಹಿಕೆಗೆ ಮಾತ್ರ ನೆರವಾಯಿತು.

ಗುರುತಾಗಿ ಬಣ್ಣ

ಗಟ್ಟಿ ಫಲಿತಾಂಶಗಳು ಬಂದದ್ದು ಇನ್ನೊಂದು ಎಳೆಯಿಂದ. ಆಸ್ಟ್ರೇಲಿಯಾದಲ್ಲಿ ಕಲ್ಯುಗಾ, ಚಾಂಡ್ಲರ್ ಮತ್ತು ಸ್ವೆಲರ್ 1999ರಲ್ಲಿ ವಿದ್ಯುತ್ ಮಂಡಲದ ಪಾಠವೊಂದರಲ್ಲಿ ವಿವರಣೆಯನ್ನೂ ಚಿತ್ರದ ಭಾಗಗಳನ್ನೂ ಒಂದೇ ಬಣ್ಣದಿಂದ ಜೋಡಿಸಿದರು. ಹುಡುಕಾಟದ ಶ್ರಮ ಇಳಿದು ಕಲಿಕೆ ಸುಧಾರಿಸಿತು. 2009ರಲ್ಲಿ ಟರ್ಕಿಯ ಸಂಶೋಧಕರು ಕಣ್ಣಿನ ಚಲನೆಯನ್ನು ದಾಖಲಿಸಿ ನೋಡಿದಾಗ, ಬಣ್ಣದ ಗುರುತಿದ್ದ ಪಾಠದಲ್ಲಿ ಓದುಗರು ಪಠ್ಯಕ್ಕೆ ಹೊಂದುವ ಚಿತ್ರದ ಭಾಗವನ್ನು ಬೇಗ ಪತ್ತೆಹಚ್ಚಿದರು, ನೆನಪೂ ಹೆಚ್ಚಿತ್ತು. ಬರ್ನ್ 1847ರಲ್ಲಿ ಮುನ್ನುಡಿಯ ಮಾತಾಗಿ ಬಿಟ್ಟಿದ್ದನ್ನು ಇವರು ಅಳೆದು ತೋರಿಸಿದರು.

ಸಂಸ್ಕೃತಿಯ ಪಾತ್ರವೂ ಇದೆ. 30 ದೇಶಗಳ 4,598 ಜನರನ್ನು ಒಳಗೊಂಡ 2020ರ ಅಧ್ಯಯನದಲ್ಲಿ ಬಣ್ಣ ಮತ್ತು ಭಾವಗಳ ನಂಟು ಬಹುಮಟ್ಟಿಗೆ ಎಲ್ಲೆಡೆ ಹೋಲುತ್ತಿತ್ತು, ಭಾಷೆ ಮತ್ತು ನೆಲ ದೂರವಾದಷ್ಟೂ ಸ್ವಲ್ಪ ಸ್ವಲ್ಪ ಬೇರೆಯಾಗುತ್ತಿತ್ತು. ಪಾಶ್ಚಾತ್ಯ ಪಾಠಗಳಲ್ಲಿ ತಪ್ಪಿನ ಗುರುತಾದ ಕೆಂಪು ನಮ್ಮಲ್ಲಿ ಕುಂಕುಮದ ಬಣ್ಣವೂ ಹೌದು. ಆದರೂ ಕನ್ನಡದ ಹುಡುಗನಿಗೆ ಉತ್ತರದ ಮೇಲಿನ ಕೆಂಪು ಗೀಟು ಕಂಡರೆ ಹಬ್ಬ ನೆನಪಾಗುವುದಿಲ್ಲ. ಬಣ್ಣಕ್ಕೆ ಅರ್ಥ ಬರುವುದು ಸಂದರ್ಭದಿಂದ.

ಎಲ್ಲರಿಗೂ ಕಾಣುವ ಬಣ್ಣ

ಜಾನ್ ಡಾಲ್ಟನ್ 1794ರಲ್ಲಿ ತನ್ನದೇ ಕಣ್ಣಿನ ಉದಾಹರಣೆಯಿಂದ ವಿವರಿಸಿದ ವರ್ಣಾಂಧತೆ ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಸುಮಾರು ಶೇ. 8ರಷ್ಟು ಮಂದಿಗೆ ಇದೆ. ಸರಿ ಉತ್ತರಕ್ಕೆ ಹಸಿರು, ತಪ್ಪಿಗೆ ಕೆಂಪು ಎಂದಷ್ಟೇ ತೋರಿಸುವ ಪಾಠ ಇಂಥವರಿಗೆ ಏನನ್ನೂ ಹೇಳದೆ ಹೋಗಬಹುದು. ಮಾಹಿತಿಗೆ ಬಣ್ಣವೊಂದನ್ನೇ ನೆಚ್ಚಬಾರದು ಎಂಬ ನಿಯಮ ವೆಬ್ ಸುಗಮ್ಯತೆಯ 1999ರ ಮೊದಲ ಮಾರ್ಗಸೂಚಿಯಲ್ಲೇ ಇತ್ತು. 2008ರ ಎರಡನೇ ಆವೃತ್ತಿ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ವ್ಯತ್ಯಾಸವಿರಬೇಕೆಂದು ಗೊತ್ತುಮಾಡಿತು. ದೊಡ್ಡ ಅಕ್ಷರಗಳಿಗೆ 3:1. ಬಿಳಿಯ ಮೇಲೆ ಕಪ್ಪಿನ ಅನುಪಾತ 21:1. ಬಿಳಿಯ ಮೇಲೆ ಅಪ್ಪಟ ನೀಲಿ ಸುಮಾರು 8.6ಕ್ಕೆ ನಿಂತು ಪಾಸಾಗುತ್ತದೆ. ಎಷ್ಟೋ ಸ್ಲೈಡುಗಳಲ್ಲಿ ಒತ್ತಿ ಹೇಳಲು ಬಳಸುವ ಅಪ್ಪಟ ಕೆಂಪು 4ರ ಆಸುಪಾಸಿನಲ್ಲಿ ನಪಾಸಾಗುತ್ತದೆ. ಅಪ್ಪಟ ಹಳದಿಗಂತೂ ಸುಮಾರು 1.07.

ಕನ್ನಡ ಪಾಠಗಳಲ್ಲಿ ಈ ಲೆಕ್ಕಕ್ಕೆ ಇನ್ನಷ್ಟು ಮಹತ್ವವಿದೆ. ಒತ್ತಕ್ಷರಗಳು ಮೂಲಾಕ್ಷರಕ್ಕಿಂತ ಚಿಕ್ಕವು. ತಿಳಿಬೂದು ಬಣ್ಣದಲ್ಲಿ ಅಚ್ಚಾದಾಗ, ಅದೂ ಬಿಸಿಲಲ್ಲಿ ಹಿಡಿದ ಮೊಬೈಲಿನಲ್ಲಿ, ಮೊದಲು ಕಣ್ತಪ್ಪುವುದು ಅವೇ. ಭಾರತದಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಎಲೆಕ್ಟ್ರಾನಿಕ್ ಮಾಧ್ಯಮದ ವಿಷಯಗಳು ಎಲ್ಲರಿಗೂ ಬಳಸಲು ಬರುವಂತಿರಬೇಕೆಂದು ಹೇಳುತ್ತದೆ. ಪಾಠ ಸಿದ್ಧಪಡಿಸಿದವರು ಅದನ್ನು ಜಾಲಕ್ಕೆ ಏರಿಸುವ ಮುನ್ನ ಒಂದು ಪ್ರತಿಯನ್ನು ಕಪ್ಪು ಬಿಳುಪಿನಲ್ಲಿ ಮುದ್ರಿಸಿ ಓದಿ ನೋಡಬೇಕು. ಅರ್ಥ ಕೈಬಿಟ್ಟುಹೋದ ಕಡೆಯೆಲ್ಲ ಬಣ್ಣದ ಜೊತೆಗೆ ಒಂದು ಪದವನ್ನೋ ಚಿಹ್ನೆಯನ್ನೋ ಸೇರಿಸಬೇಕು.