ಹೊಟ್ಟೆಯಿಲ್ಲದ ಟಯರ್, ಮರಳಿನ ದಾರಿ

ಕಳೆದ ಜನವರಿಯ ಒಂದು ರಾತ್ರಿ ನಮ್ಮ ಕಟ್ಟಡದ ಮೂರನೇ ಮಹಡಿಯ ಹುಡುಗ ಸಂಬಳದ ಚೀಟಿ ಹಿಡಿದುಕೊಂಡು ನಮ್ಮ ಮನೆಗೆ ಬಂದ. ಪುತ್ತೂರಿನ ಕಡೆಯವನು, ಒಂದು ಕಂಪನಿಯಲ್ಲಿ ಡ್ರೈವರ್. ಚೀಟಿಯಲ್ಲಿ ಎರಡು ಟಯರ್ ಮತ್ತು ಒಂದು ರಿಮ್ಮಿನ ಹಣ ಕಡಿತವಾಗಿತ್ತು. ಆ ತಿಂಗಳು ಊರಿಗೆ ಕಳಿಸಲು ಹೆಚ್ಚೇನೂ ಉಳಿದಿರಲಿಲ್ಲ.

ಆದದ್ದಿಷ್ಟು. ಊರಿಂದ ಬಂದ ಅತಿಥಿಗಳನ್ನು ಲಹ್ಬಾಬಿನ ಕೆಂಪು ಮರಳಿಗೆ ಕರೆದುಕೊಂಡು ಹೋಗು ಎಂದು ಸಾಹೇಬರು ತಮ್ಮದೇ ದೊಡ್ಡ ಗಾಡಿ ಕೊಟ್ಟಿದ್ದರು. ಫೋರ್ ವೀಲ್ ಡ್ರೈವ್, 22 ಇಂಚಿನ ಹೊಳೆಯುವ ರಿಮ್. ಹುಡುಗ ಕಲಿತ ಹಾಗೆಯೇ ಟಯರಿನ ಗಾಳಿ ಇಳಿಸಿದ. ಮರಳಿನಲ್ಲಿ ಗಾಡಿ ಚೆನ್ನಾಗಿಯೇ ಓಡಿತು. ಆಮೇಲೆ ಕ್ಯಾಂಪಿಗೆ ಹೋಗುವ ಜಲ್ಲಿ ದಾರಿಯಲ್ಲಿ ಒಂದು ಕಲ್ಲು ಸಿಕ್ಕಿತು. ಮುಂದಿನ ಟಯರಿನ ಪಕ್ಕ ಸೀಳಿತು, ಹಿಂದಿನದೂ ಅದೇ ಕಲ್ಲಿಗೆ ಹೋಯಿತು, ರಿಮ್ ಬಾಗಿತು. "ಗಾಳಿ ಕಡಿಮೆ ಇಟ್ಟು ಓಡಿಸಿದ್ದಾನೆ" ಎಂದು ಟಯರ್ ಅಂಗಡಿಯವರು ಬರೆದುಕೊಟ್ಟರು. ತಪ್ಪು ಡ್ರೈವರನದು ಎಂದಾಯಿತು.

"ಅಣ್ಣ, ಗಾಳಿ ಬಿಡದಿದ್ರೆ ಮರಳಲ್ಲಿ ಹೂತು ಹೋಗ್ತಿತ್ತು. ಬಿಟ್ಟದ್ದಕ್ಕೆ ಟಯರ್ ಹೋಯ್ತು. ನಾನು ಎಂತ ಮಾಡ್ಬೇಕಿತ್ತು?" ಎಂದು ಕೇಳಿದ.

ನಾನು ಆಸ್ಪತ್ರೆಯ ಫಾರ್ಮಸಿಸ್ಟ್. ಓದಿದ್ದು ಡಿ.ಫಾರ್ಮ. ಟಯರಿನ ಬಗ್ಗೆ ಹೇಳುವ ಅಧಿಕಾರ ನನಗಿಲ್ಲ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅದರ ಉತ್ತರ ಟಯರಿನ ಚರಿತ್ರೆಯಲ್ಲಿಯೇ ಇದೆ ಎಂದು ಓದುತ್ತ ಹೋದಂತೆ ತಿಳಿಯಿತು. ನಮ್ಮವರಲ್ಲಿ ಡ್ರೈವರ್‌ಗಳು ಬಹಳ. ರಜಾದಿನ ಮರಳಿಗೆ ಹೋಗುವ ಕುಟುಂಬಗಳೂ ಬಹಳ. ಆದ್ದರಿಂದ ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಸುಳ್ಯ, ಪುತ್ತೂರಿನವರಿಗೆ ರಬ್ಬರ್ ಹೊಸದಲ್ಲ. 1964ರ ಭಾರತ–ಶ್ರೀಲಂಕಾ ಒಪ್ಪಂದದ ಬಳಿಕ ಬಂದ ತಮಿಳು ಕುಟುಂಬಗಳಿಗೆ ಕೆಲಸ ಕೊಡಲೆಂದು ಸರಕಾರ ಅಲ್ಲಿ ರಬ್ಬರ್ ತೋಟ ಎಬ್ಬಿಸಿತು. ಮೈಸೂರಿನ ವಿಕ್ರಾಂತ್ ಟಯರ್ ನಮ್ಮ ರಾಜ್ಯದ ಹೆಮ್ಮೆಯಾಗಿತ್ತು. 1997ರಲ್ಲಿ ಅದು ಜೆಕೆ ಟಯರ್ ಕೈಗೆ ಹೋಯಿತು. ಮರದಿಂದ ಇಳಿದ ಹಾಲು ಹಾಗೆಯೇ ಟಯರ್ ಆಗುವುದಿಲ್ಲ. ಹಸಿ ರಬ್ಬರ್ ಬಿಸಿಲಿಗೆ ಅಂಟಾಗುತ್ತದೆ, ಚಳಿಗೆ ಗಟ್ಟಿಯಾಗುತ್ತದೆ. ಗಂಧಕ ಬೆರೆಸಿ ಕಾಯಿಸಿದರೆ ಅದು ಗಟ್ಟಿಮುಟ್ಟಾಗಿಯೂ ಎಳೆದರೆ ಹಿಗ್ಗುವಂತೆಯೂ ಆಗುತ್ತದೆ ಎಂದು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡ.

ಗಾಳಿ ತುಂಬಿದ ಟಯರಿಗೆ ಮೊದಲು ಪೇಟೆಂಟ್ ಪಡೆದವನು ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್, 1845ರಲ್ಲಿ. ಆಗ ಅದು ಯಾರಿಗೂ ಬೇಕಾಗಲಿಲ್ಲ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಅದನ್ನು ಮತ್ತೆ ಹೊಸದಾಗಿ ಕಂಡುಕೊಂಡ. ಮಗನ ಮೂರು ಚಕ್ರದ ಸೈಕಲ್ ಕುಲುಕಬಾರದು ಎಂಬುದೇ ಅವನ ಉದ್ದೇಶ. ಆ ಟಯರಿನಲ್ಲಿ ಭಾರ ಹೊರುತ್ತಿದ್ದುದು ಒಳಗಿನ ಗಾಳಿ. ರಬ್ಬರ್ ಆ ಗಾಳಿಯನ್ನು ಕಟ್ಟಿಟ್ಟ ಚೀಲ ಅಷ್ಟೆ. ಈ ಒಂದು ಮಾತು ನೆನಪಿಟ್ಟರೆ ಮುಂದಿನದೆಲ್ಲ ಸುಲಭ.

ಮರಳಿಗೆ ಮೊದಲಿಂದಲೂ ಒಗ್ಗಿದ್ದು ಒಂಟೆ. ಅದರ ಪಾದ ಅಗಲ, ಮೆತ್ತಗೆ. ಊರಿದಾಗ ಹರಡಿಕೊಳ್ಳುತ್ತದೆ, ಹೂತು ಹೋಗುವುದಿಲ್ಲ. ಮೋಟಾರ್ ಗಾಡಿಗೆ ಈ ಪಾದವನ್ನು ಕೊಟ್ಟವರಲ್ಲಿ ಮುಖ್ಯನಾದವನು ಬ್ರಿಟಿಷ್ ಸೇನಾಧಿಕಾರಿ ರಾಲ್ಫ್ ಬ್ಯಾಗ್ನಾಲ್ಡ್. 1920ರ ದಶಕದ ಕೊನೆಯಿಂದ ಅವನು ಮತ್ತು ಗೆಳೆಯರು ಫೋರ್ಡ್ ಕಾರುಗಳಲ್ಲಿ ಈಜಿಪ್ಟ್, ಲಿಬಿಯಾದ ಮರುಭೂಮಿ ಸುತ್ತಿದರು. ಟಯರಿನ ಗಾಳಿ ಇಳಿಸುವುದು, ಹೂತ ಚಕ್ರದ ಕೆಳಗೆ ಕಬ್ಬಿಣದ ಪಟ್ಟಿ ಇಡುವುದು, ದಿಬ್ಬಕ್ಕೆ ನೇರವಾಗಿ ವೇಗದಲ್ಲಿ ಏರುವುದು ಇವನ್ನೆಲ್ಲ ಅವರು ಪದ್ಧತಿಯಾಗಿ ಮಾಡಿದರು. 1940ರಲ್ಲಿ ಅವನು ಕಟ್ಟಿದ ಲಾಂಗ್ ರೇಂಜ್ ಡೆಸರ್ಟ್ ಗ್ರೂಪ್ ಇದೇ ವಿದ್ಯೆಯಿಂದ ಯುದ್ಧ ಮಾಡಿತು. ಗಾಳಿಗೆ ಹಾರುವ ಮರಳಿನ ಭೌತಶಾಸ್ತ್ರದ ಮೇಲೆ ಅವನು 1941ರಲ್ಲಿ ಪ್ರಕಟಿಸಿದ ಪುಸ್ತಕವನ್ನು ವಿಜ್ಞಾನಿಗಳು ಇಂದಿಗೂ ಓದುತ್ತಾರೆ.

ಈ ವಿದ್ಯೆ ಕೊಲ್ಲಿಯ ಈ ಕಡೆಗೂ ಬೇಕಾಯಿತು. 1951ರಲ್ಲಿ ಶಾರ್ಜಾದಲ್ಲಿ ಟ್ರೂಶಿಯಲ್ ಒಮಾನ್ ಲೆವೀಸ್ ಎಂಬ ಪಡೆ ಹುಟ್ಟಿತು. 1956ರಲ್ಲಿ ಅದರ ಹೆಸರು ಸ್ಕೌಟ್ಸ್ ಎಂದಾಯಿತು. ಲ್ಯಾಂಡ್ ರೋವರ್ ಮತ್ತು ಬೆಡ್‌ಫರ್ಡ್ ಲಾರಿಗಳಲ್ಲಿ ಅವರು ಈ ನೆಲ ತಿರುಗಿದರು. ಅಬುಧಾಬಿ, ದುಬೈಗಳ ನಡುವೆ ಆಗ ಡಾಂಬರು ದಾರಿ ಇರಲಿಲ್ಲ. ಕಡಲಂಚಿನ ಉಪ್ಪು ನೆಲ ಮತ್ತು ಮರಳೇ ದಾರಿ. 1962ರಲ್ಲಿ ಅಬುಧಾಬಿಯ ಮೊದಲ ಎಣ್ಣೆ ಹಡಗು ಹೊರಟ ಮೇಲೆ ಕ್ಯಾಂಪುಗಳು ಹೆಚ್ಚಿದವು, ಡ್ರೈವರ್‌ಗಳು ಬೇಕಾದರು, ನಮ್ಮ ಕರಾವಳಿಯವರೂ ಬಂದರು.

ನನ್ನ ಸೋದರಮಾವ 1979ರಲ್ಲಿ ಬಂದವರು. ಅಬುಧಾಬಿಯ ಒಳನಾಡಿನ ಕ್ಯಾಂಪಿಗೆ ನೀರು, ಸಾಮಾನು ಸಾಗಿಸುತ್ತಿದ್ದರು. ಗಾಡಿ ಟೊಯೋಟಾ ಲ್ಯಾಂಡ್ ಕ್ರೂಸರ್, ಟಯರ್ 16 ಇಂಚಿನ ರಿಮ್ಮಿನದು. ಗಾಳಿ ಅಳೆಯುವ ಮೀಟರ್ ಯಾವಾಗಲೂ ಕೈಯಲ್ಲಿ ಇರುತ್ತಿರಲಿಲ್ಲ. ಬೆಂಕಿಕಡ್ಡಿಯಿಂದ ವಾಲ್ವ್ ಒತ್ತಿ ಹಿಡಿದು, ಟಯರ್ ನೋಡುತ್ತ ನಿಲ್ಲುತ್ತಿದ್ದರಂತೆ. "ಟಯರಿನ ಹೊಟ್ಟೆ ಕಾಣ್ಬೇಕು ಮಾರಾಯ. ಹೊಟ್ಟೆ ಕಂಡ್ರೆ ಸಾಕು, ಹೊರಡು. ಗಾಳಿ ಬಿಟ್ಟವ ದಾಟಿದ, ಬಿಡದವ ಮರಳು ತೋಡಿದ" ಎನ್ನುತ್ತಿದ್ದರು.

ಮಾವನ ಆ ಹೊಟ್ಟೆಯ ಲೆಕ್ಕ ಹೀಗೆ. ಗಾಡಿಯ ತೂಕ 2,600 ಕಿಲೋ ಎನ್ನಿ, ಒಂದು ಚಕ್ರಕ್ಕೆ 650 ಕಿಲೋ. 35 ಪಿಎಸ್‌ಐ ಗಾಳಿ ಎಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು ಎರಡೂವರೆ ಕಿಲೋ. ಅಷ್ಟು ತೂಕ ಹೊರಲು ನೆಲಕ್ಕೆ ತಾಗುವ ಜಾಗ ಸುಮಾರು 265 ಚದರ ಸೆಂಟಿಮೀಟರ್ ಸಾಕು. 15 ಪಿಎಸ್‌ಐಗೆ ಇಳಿಸಿದರೆ ಅದೇ ತೂಕಕ್ಕೆ 615ರಷ್ಟು ಬೇಕು. ಟಯರ್ ತಾನಾಗಿ ಚಪ್ಪಟೆಯಾಗಿ ಆ ಜಾಗ ಮಾಡಿಕೊಳ್ಳುತ್ತದೆ. ಹೆಚ್ಚಾಗಿ ಅಗಲಕ್ಕಲ್ಲ, ಉದ್ದಕ್ಕೆ. ಗಾಡಿಗೆ ಒಂಟೆಯ ಪಾದ ಬಂದಂತೆ. ಇಲ್ಲಿಗೆ ಹುಡುಗನ ಪ್ರಶ್ನೆಯ ಅರ್ಧಕ್ಕೆ ಉತ್ತರ ಸಿಕ್ಕಿತು. ಮರಳಿನಲ್ಲಿ ಗಾಳಿ ಬಿಟ್ಟದ್ದು ತಪ್ಪಲ್ಲ.

ಇನ್ನು ಉಳಿದರ್ಧ. ಟಯರಿನ ಪಕ್ಕದಲ್ಲಿ 265/70 ಆರ್ 16 ಎಂದು ಬರೆದಿರುತ್ತದೆ. 265 ಎಂದರೆ ಮಿಲಿಮೀಟರಿನಲ್ಲಿ ಅಗಲ. 70 ಎಂದರೆ ಆ ಅಗಲದ ನೂರಕ್ಕೆ ಎಪ್ಪತ್ತು ಪಾಲು ಪಕ್ಕದ ಗೋಡೆಯ ಎತ್ತರ, ಅಂದರೆ 185 ಮಿಲಿಮೀಟರ್. 16 ಎಂದರೆ ಇಂಚಿನಲ್ಲಿ ರಿಮ್. ಅದರ ಪಕ್ಕದಲ್ಲಿ 275/40 ಆರ್ 22 ಇಟ್ಟು ನೋಡಿ. ಹೊರಗಿನ ಎತ್ತರ ಎರಡಕ್ಕೂ ಹೆಚ್ಚು ಕಡಿಮೆ ಒಂದೇ, ಸುಮಾರು 778 ಮಿಲಿಮೀಟರ್. ಆದರೆ ಎರಡನೆಯದರ ಗೋಡೆ 110 ಮಿಲಿಮೀಟರ್ ಮಾತ್ರ. ಉಳಿದದ್ದೆಲ್ಲ ಲೋಹ.

ಮರಳಿಗೆ ಬೇಕಾದಷ್ಟು ಚಪ್ಪಟೆಯಾಗಲು ಟಯರ್ 50 ಮಿಲಿಮೀಟರ್ ಕುಗ್ಗಿತು ಎಂದುಕೊಳ್ಳಿ. ಮೊದಲನೆಯದರಲ್ಲಿ ರಿಮ್ಮಿಗೂ ನೆಲಕ್ಕೂ ನಡುವೆ ಇನ್ನೂ 135 ಮಿಲಿಮೀಟರ್ ಉಳಿಯುತ್ತದೆ. ಎರಡನೆಯದರಲ್ಲಿ 60. ಒಂದು ಮುಷ್ಟಿ ಗಾತ್ರದ ಕಲ್ಲು ಸಿಕ್ಕರೆ ರಬ್ಬರ್ ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಅಡಕತ್ತರಿಯಲ್ಲಿ ಅಡಿಕೆ ಕತ್ತರಿಸಿದ ಹಾಗೆ ಕತ್ತರಿಸಿ ಹೋಗುತ್ತದೆ. ಮರಳು ಮೆತ್ತಗೆ, ಅದು ಟಯರನ್ನು ಸೀಳುವುದು ಅಪರೂಪ. ಸೀಳುವುದು ಮರಳಿನ ನಡುವಿನ ಜಲ್ಲಿ ಬಯಲು, ಒಣಗಿದ ಗಿಡದ ಬುಡ, ಹತ್ತಾ ಕಡೆಯ ಕಣಿವೆಯ ಚೂಪು ಕಲ್ಲು. ಪಕ್ಕದ ಗೋಡೆ ಹರಿದರೆ ಪಂಕ್ಚರ್ ಹಾಕಿ ಉಳಿಸಿಕೊಳ್ಳುವಂತಿಲ್ಲ, ಟಯರನ್ನೇ ಎಸೆಯಬೇಕು.

ಹಾಗಾದರೆ ಇಂಥ ಟಯರ್ ಯಾಕೆ ಹುಟ್ಟಿತು? ಮರಳಿಗಾಗಿ ಅಲ್ಲ. 1970ರ ದಶಕದಲ್ಲಿ ಇಟಲಿಯ ಪಿರೆಲ್ಲಿ ಕಂಪನಿ ಲಾನ್ಸಿಯಾ ಸ್ಟ್ರಾಟೋಸ್ ರ್‍ಯಾಲಿ ಕಾರಿಗಾಗಿ ಪಿ7 ಎಂಬ ತಗ್ಗು ಗೋಡೆಯ ಟಯರ್ ಮಾಡಿತು. ಮುಂದೆ ಅದು ಪೋರ್ಷೆಯಂಥ ವೇಗದ ಕಾರುಗಳಿಗೆ ಬಂತು. ಗೋಡೆ ಗಿಡ್ಡವಾದರೆ ತಿರುವಿನಲ್ಲಿ ಟಯರ್ ಬಳುಕುವುದು ಕಡಿಮೆ, ಸ್ಟಿಯರಿಂಗ್ ತಿರುಗಿಸಿದ ಕೂಡಲೇ ಕಾರು ತಿರುಗುತ್ತದೆ. ರಿಮ್ ದೊಡ್ಡದಾದರೆ ಒಳಗೆ ದೊಡ್ಡ ಬ್ರೇಕ್ ಕೂರುತ್ತದೆ. ನುಣುಪಾದ ಡಾಂಬರಿಗೆ ಇದು ನಿಜವಾಗಿ ಒಳ್ಳೆಯ ಟಯರ್. ಶೇಖ್ ಝಾಯೆದ್ ರಸ್ತೆಯಲ್ಲಿ ಅದರ ಮೇಲೆ ದೂರುವಂಥದ್ದೇನಿಲ್ಲ.

ಆಮೇಲೆ ದೊಡ್ಡ ಗಾಡಿಗಳೂ ಐಷಾರಾಮಿಯಾದವು. 1970ರ ಮೊದಲ ರೇಂಜ್ ರೋವರಿಗೆ 16 ಇಂಚಿನ ರಿಮ್ ಇತ್ತು. ಇಂದು ಅದೇ ಹೆಸರಿನ ಗಾಡಿಗೆ 23 ಇಂಚಿನದೂ ಸಿಗುತ್ತದೆ. ಎಂಜಿನ್ ಬಲವಾಯಿತು, ನಾಲ್ಕು ಚಕ್ರದ ಎಳೆತ ಚುರುಕಾಯಿತು, ಟಯರಿನ ಹೊಟ್ಟೆ ಮಾತ್ರ ಕರಗಿತು. ನಿಜವಾದ ಮರಳಿನ ಓಟಗಾರರು ಮಾತ್ರ ಹೊಟ್ಟೆ ಬಿಡಲಿಲ್ಲ. 2020ರಿಂದ ಸೌದಿಯಲ್ಲಿ ನಡೆಯುತ್ತಿರುವ ಡಾಕಾರ್ ರ್‍ಯಾಲಿಯಲ್ಲಿ 2022ರಿಂದ ಟಿ1 ಪ್ಲಸ್ ಎಂಬ ವರ್ಗದ ಕಾರುಗಳಿವೆ. ಅವುಗಳ ಟಯರ್ 37 ಇಂಚು ಎತ್ತರ, ರಿಮ್ 17 ಇಂಚು ಮಾತ್ರ. ಅಂದರೆ ಪಕ್ಕದ ಗೋಡೆಯೇ ಹತ್ತು ಇಂಚು. ಕೋಟಿಗಟ್ಟಲೆ ಬೆಲೆಯ ಗಾಡಿಯೂ ನನ್ನ ಮಾವನ ಮಾತನ್ನೇ ಕೇಳುತ್ತಿದೆ.

ಎತ್ತರದ ಗೋಡೆ ಇದ್ದರೆ ಎಲ್ಲ ಸರಿ ಎಂದೂ ಅಲ್ಲ. ಇದಕ್ಕೂ ಕೊಲ್ಲಿಯಲ್ಲೇ ಒಂದು ಚರಿತ್ರೆಯಿದೆ. 1990ರ ದಶಕದ ಕೊನೆಗೆ ಸೌದಿಯಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳ ಫೈರ್‌ಸ್ಟೋನ್ ಟಯರುಗಳು ಓಡುವಾಗಲೇ ಪದರ ಬಿಚ್ಚಿಕೊಳ್ಳತೊಡಗಿದವು. ಅವು ಎತ್ತರದ ಗೋಡೆಯ ಟಯರುಗಳೇ. ಮರಳಿಗೆಂದು ಗಾಳಿ ಇಳಿಸಿದವರು ಮತ್ತೆ ತುಂಬಿಸದೆ ಹೆದ್ದಾರಿಯಲ್ಲಿ ಓಡಿಸಿದ್ದೇ ಕಾರಣ ಎಂಬ ವಾದ ಆಗ ಬಂತು. 1999ರಲ್ಲಿ ಕೊಲ್ಲಿ ದೇಶಗಳಲ್ಲಿ ಫೋರ್ಡ್ ಟಯರುಗಳನ್ನು ಬದಲಿಸಿಕೊಡಲು ಶುರುಮಾಡಿತು. 2000ದ ಆಗಸ್ಟಿನಲ್ಲಿ ಅಮೆರಿಕದಲ್ಲಿ 65 ಲಕ್ಷ ಟಯರುಗಳನ್ನು ಹಿಂದಕ್ಕೆ ಕರೆಯಬೇಕಾಯಿತು. ಟಯರಿನ ರಚನೆಯಲ್ಲೇ ದೋಷವಿತ್ತೆಂದು ಆಮೇಲಿನ ತನಿಖೆ ಹೇಳಿತು. ಇಡೀ ತಪ್ಪು ಗಾಳಿ ಬಿಟ್ಟವನದ್ದಾಗಿರಲಿಲ್ಲ. ಆದರೂ ಪಾಠ ನಿಜ. ಗಾಳಿ ಕಡಿಮೆಯಿದ್ದು ವೇಗ ಹೆಚ್ಚಾದರೆ ಗೋಡೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿ ಕಾಯುತ್ತದೆ. ಆ ಕಾವೇ ಟಯರನ್ನು ಕೊಲ್ಲುತ್ತದೆ. ಇಂದು ಡ್ಯಾಶ್‌ಬೋರ್ಡಿನಲ್ಲಿ ಬೆಳಗುವ ಗಾಳಿಯ ಸೂಚಕ ದೀಪ ಆ ದುರಂತದ ಬಳಿಕ ಅಮೆರಿಕದಲ್ಲಿ ಕಡ್ಡಾಯವಾದದ್ದು.

ಕಾವಿನ ಮಾತು ಬಂದರೆ ಅದು ನನ್ನ ಕಸುಬು. ಮಾತ್ರೆಗಳನ್ನು ಕಂಪನಿಗಳು 40 ಡಿಗ್ರಿ ಉಷ್ಣತೆ, ಶೇಕಡ 75 ತೇವಾಂಶದಲ್ಲಿ ಆರು ತಿಂಗಳು ಇಟ್ಟು ಪರೀಕ್ಷಿಸುತ್ತವೆ. ಬೇಗ ಹಾಳಾಗಲಿ, ಎಷ್ಟು ಬಾಳುತ್ತದೆ ನೋಡೋಣ ಎಂದು. ದುಬೈಯ ಬೇಸಿಗೆಯಲ್ಲಿ ಬಯಲಲ್ಲಿ ನಿಂತ ಗಾಡಿಯ ಟಯರ್ ದಿನವೂ ಅಂಥ ಪರೀಕ್ಷೆಯಲ್ಲೇ ಇರುತ್ತದೆ. ಗುಡ್‌ಇಯರ್ ಬೆರೆಸಿದ ಗಂಧಕದ ಬಂಧಗಳು ಕಾವು ಮತ್ತು ಆಮ್ಲಜನಕದಿಂದ ಬದಲಾಗುತ್ತಲೇ ಇರುತ್ತವೆ. ರಬ್ಬರ್ ಗಡುಸಾಗಿ ಬಿರುಕು ಬಿಡುತ್ತದೆ. ಔಷಧಿಯ ಎಕ್ಸ್‌ಪೈರಿ ನೋಡುವ ಹಾಗೆ ಟಯರಿನ ಪಕ್ಕದ ನಾಲ್ಕು ಅಂಕೆ ನೋಡಿ. 2321 ಎಂದಿದ್ದರೆ 2021ರ 23ನೇ ವಾರ ತಯಾರಾದದ್ದು. ಐದು ವರ್ಷ ದಾಟಿದ ಟಯರಿಗೆ ಇಲ್ಲಿ ಅನುಮತಿ ಇಲ್ಲ. ಹಳೆಯ ಗಾಡಿ ಕೊಳ್ಳುವವರು ಬಣ್ಣ ನೋಡುವ ಮೊದಲು ಇದನ್ನು ನೋಡಿ.

ಹುಡುಗನಿಗೆ ನಾನು ಇಷ್ಟನ್ನೂ ಹೇಳಿದೆ. ಗಾಳಿ ಬಿಟ್ಟದ್ದು ಸರಿ. ಆ ಟಯರಿಗೆ ಆ ಕೆಲಸ ಕೊಟ್ಟದ್ದು ತಪ್ಪು, ಅದು ನಿನ್ನ ತೀರ್ಮಾನವಲ್ಲ. ಮರಳು ಮುಗಿದು ಜಲ್ಲಿ ಬಂದಾಗ ನಿಲ್ಲಿಸಿ ಮತ್ತೆ ಸ್ವಲ್ಪ ಗಾಳಿ ತುಂಬಿಸಿ ನಿಧಾನವಾಗಿ ಹೋಗಬೇಕಿತ್ತು, ಅಷ್ಟು ಮಾತ್ರ ನಿನ್ನದು. "ಕಂಪ್ರೆಸರ್ ಇರ್ಲಿಲ್ಲ ಅಣ್ಣ" ಎಂದ. ಕಂಪ್ರೆಸರ್ ಇಲ್ಲದೆ ಮರಳಿಗೆ ಕಳಿಸಿದ್ದು ಮತ್ತೊಂದು ತಪ್ಪು.

ಇಬ್ಬರೂ ಕೂತು ಆಫೀಸಿಗೆ ಒಂದು ಪತ್ರ ಬರೆದೆವು. 185 ಮತ್ತು 110ರ ಲೆಕ್ಕವನ್ನು ಚಿತ್ರ ಬಿಡಿಸಿ ತೋರಿಸಿದೆವು. ಕಡಿತವಾದ ಹಣ ಪೂರ್ತಿ ಹಿಂದೆ ಬರಲಿಲ್ಲ. ರಿಮ್ಮಿನ ಹಣ ಮಾತ್ರ ಬಂತು. ಆದರೆ ಮುಂದಿನ ಸಲ ಅತಿಥಿಗಳು ಬಂದಾಗ ಅವನಿಗೆ ಸೈಟಿನ ಹಳೆಯ ಲ್ಯಾಂಡ್ ಕ್ರೂಸರ್ ಕೊಟ್ಟರು, ಡಿಕ್ಕಿಯಲ್ಲಿ ಒಂದು ಕಂಪ್ರೆಸರ್ ಇಟ್ಟಿದ್ದರು. ಆ ಸಂಜೆ ಲಹ್ಬಾಬಿನಿಂದ ಅವನು ನನಗೊಂದು ಫೋಟೋ ಕಳಿಸಿದ. ಅತಿಥಿಗಳೂ ಇಲ್ಲ, ಸೂರ್ಯಾಸ್ತವೂ ಇಲ್ಲ. ಒಂದು ಟಯರ್ ಮಾತ್ರ. ಕೆಳಗೆ ಬರೆದಿದ್ದ: "ಅಣ್ಣ, ಹೊಟ್ಟೆ ಕಾಣ್ತದೆ."

ನೀವೂ ಮರಳಿಗೆ ಹೊರಡುವ ಮೊದಲು ಒಮ್ಮೆ ಬಗ್ಗಿ ನೋಡಿ. ಪಕ್ಕದ ಗೋಡೆ ಗಿಡ್ಡವಾಗಿದ್ದರೆ ಆ ಗಾಡಿಯನ್ನು ರಸ್ತೆಬದಿಯಲ್ಲೇ ನಿಲ್ಲಿಸಿ, ಚಹಾ ಕುಡಿದು ಬನ್ನಿ. ಸಾಹೇಬರ ಗಾಡಿಯಾದರೆ ಹೊರಡುವ ಮೊದಲೇ ವಿಷಯ ಹೇಳಿ, ಆದರೆ ಬರವಣಿಗೆಯಲ್ಲಿ ಹೇಳಿ.

– ದುಬೈ ಸಿಲಿಕಾನ್ ಓಯಸಿಸ್‌ನಿಂದ