ಕಬಿನಿಯ ದೊಡ್ಡ ಮೀನು, ಬಿದಿರಿನ ತೆಪ್ಪ

1946ರ ಮಾರ್ಚ್ 22ರಂದು ಕಬಿನಿ ಹೊಳೆಯಲ್ಲಿ ಒಂದು ಮಹಸೀರ್ ಮೀನು ಗಾಳಕ್ಕೆ ಬಿತ್ತು. ತೂಗಿ ನೋಡಿದರೆ 120 ಪೌಂಡ್, ಹತ್ತಿರ ಹತ್ತಿರ 54 ಕಿಲೋ. ಹಿಡಿದವರು ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್. ರಾಜಮಹಾರಾಜರು ಹೊಡೆದ ಹುಲಿ, ಚಿರತೆಗಳ ಚರ್ಮ ಹದ ಮಾಡಿ ಬದುಕಿದ್ದ ಹಾಗೆಯೇ ನಿಲ್ಲಿಸಿ ಕೊಡುತ್ತಿದ್ದ ಹೆಸರುವಾಸಿ ಮನೆತನದವರು ಅವರು. ಗಾಳದಲ್ಲಿ ಸಿಕ್ಕ ಮಹಸೀರ್‌ಗಳಲ್ಲಿ ಅತಿ ದೊಡ್ಡದೆಂದು ಇಂದಿಗೂ ಲೆಕ್ಕಕ್ಕೆ ಬರುವುದು ಅದೇ ಮೀನು.

ಆಗ ಕಬಿನಿಗೆ ಅಣೆಕಟ್ಟು ಇರಲಿಲ್ಲ. ಇವತ್ತು ಎನ್. ಬೇಗೂರು ಕಡೆಯಿಂದ ನೋಡಿದರೆ ಕಣ್ಣಿಗೆ ಬೀಳುವ ಹಿನ್ನೀರಿನ ಅಡಿಯಲ್ಲಿ ಅಂದು ಬಂಡೆ, ಮಡು, ಬಿದಿರು ಮೆಳೆಗಳ ನಡುವೆ ಹರಿಯುವ ಹೊಳೆ ಇತ್ತು. ಕಾಡಾನೆಗಳನ್ನು ಹಿಡಿಯುವ ಖೆಡ್ಡಾಕ್ಕೆ ಪ್ರಸಿದ್ಧವಾದ ಕಾಕನಕೋಟೆಯ ಕಾಡಿತ್ತು. ಮಹಸೀರಿಗೆ ಬೇಕಾದದ್ದೂ ಇಂಥದೇ ನೀರು. ಬೇಸಿಗೆಯಲ್ಲಿ ಆಳದ ಮಡುಗಳಲ್ಲಿ ಉಳಿದು, ಮುಂಗಾರಿನ ಹೊಸ ನೀರು ಬಂದ ಕೂಡಲೇ ಮೊಟ್ಟೆಯಿಡಲು ಮೇಲಕ್ಕೆ ಈಜುವ ಮೀನು ಅದು.

ಇಂಥ ಹೊಳೆಯಲ್ಲಿ ದೊಡ್ಡ ಮೀನಿನ ಬೆನ್ನು ಹತ್ತಲು ನಮ್ಮವರಿಗಿದ್ದ ದೋಣಿ ತೆಪ್ಪ. ಉತ್ತರ ಧ್ರುವ ಪ್ರದೇಶದ ಜನ ಸೀಲ್ ಚರ್ಮ ಹೊದಿಸಿದ ಕಯಾಕ್ ಕಟ್ಟಿಕೊಂಡರೆ, ಇಲ್ಲಿನವರು ಬಿದಿರು ಹೆಣೆದು ದನ, ಎಮ್ಮೆಗಳ ಚರ್ಮ ಹೊದಿಸಿದರು. 1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್, ಬುಟ್ಟಿಯ ಆಕಾರದ ಈ ದೋಣಿಗಳಲ್ಲಿ ಹದಿನೈದಿಪ್ಪತ್ತು ಜನ ಹೊಳೆ ದಾಟುವುದನ್ನೂ, ಹುಟ್ಟು ಹಾಕಿದಂತೆಲ್ಲ ಅವು ಗಿರಕಿ ಹೊಡೆಯುವುದನ್ನೂ ಬರೆದಿಟ್ಟಿದ್ದಾನೆ. ಈಗ ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿದೆ. ಬಿದಿರಿನ ಹೆಣಿಗೆ ಮಾತ್ರ ಹಾಗೆಯೇ ಇದೆ.

ಗಿರಕಿ ಹೊಡೆಯುವ ದೋಣಿಯಲ್ಲಿ ಐವತ್ತು ಕಿಲೋ ಮೀನನ್ನು ಸಂಭಾಳಿಸುವುದು ಹುಡುಗಾಟವಲ್ಲ. ರಾಗಿ ಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ ಉಂಡೆ ಕಟ್ಟಿ ಕೊಕ್ಕೆಗೆ ಸಿಕ್ಕಿಸುತ್ತಾರೆ. ಮೆತ್ತಗಿದ್ದರೆ ಪುಡಿಮೀನುಗಳೇ ಕಿತ್ತು ತಿಂದುಬಿಡುತ್ತವೆ. ಮಹಸೀರಿನ ಗಂಟಲೊಳಗಿನ ಹಲ್ಲುಗಳಿಗೆ ಕಬ್ಬಿಣದ ಕೊಕ್ಕೆಯನ್ನೂ ಜಜ್ಜುವ ಬಲವಿದೆ. ಕಚ್ಚಿದ ಮೀನು ಒಂದೇ ಓಟಕ್ಕೆ ಇಳಿನೀರಿಗೆ ಧಾವಿಸಿ ಬಂಡೆಯ ಸಂದಿಗೆ ನುಗ್ಗುತ್ತದೆ. ದಾರ ಬಂಡೆಗೆ ಉಜ್ಜಿದರೆ ಮುಗಿಯಿತು. ಅಲ್ಲಿಂದ ಮುಂದಿನ ಕೆಲಸ ತೆಪ್ಪದವನದು. ಒಂದೇ ಹುಟ್ಟಿನಲ್ಲಿ ಸೆಳವಿಗೆ ಎದುರಾಗಿ ತೆಪ್ಪವನ್ನು ಬಂಡೆಯ ಆಚೆ ಬದಿಗೆ ತಂದು, ದಾರದ ಓರೆ ಬದಲಿಸಿ ಮೀನನ್ನು ಬಿಡಿಸಬೇಕು. ಅದು ಓಡಿದತ್ತ ತಾನೂ ಓಡಬೇಕು. ಯಾವ ಮಡು ಎಷ್ಟು ಆಳ, ಯಾವ ಬಂಡೆ ಎಲ್ಲಿ ಮುಳುಗಿದೆ ಎಂಬುದು ಅವನಿಗೆ ಗೊತ್ತು. ದಾಖಲೆ ಪುಸ್ತಕಗಳು ಗಾಳ ಹಿಡಿದವರ ಹೆಸರನ್ನಷ್ಟೇ ಬರೆದುಕೊಂಡವು. ಅರ್ಧ ಚರಿತ್ರೆ ಅಲ್ಲೇ ಕಳೆದುಹೋಯಿತು.

ಬ್ರಿಟಿಷ್ ಸಾಹೇಬರ ಈ ಗಾಳದ ಹವ್ಯಾಸಕ್ಕೆ ಶಾಸ್ತ್ರಗ್ರಂಥವೆನಿಸಿದ ಎಚ್.ಎಸ್. ಥಾಮಸ್ ಅವರ 'ದ ರಾಡ್ ಇನ್ ಇಂಡಿಯಾ' 1873ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲಿ. ಸ್ವಾತಂತ್ರ್ಯ ಬಂದು ಸಾಹೇಬರು ಹೋದ ಮೇಲೆ ಮಹಸೀರಿನ ಮಾತೇ ನಿಂತಿತ್ತು. ಹೊಳೆಯಲ್ಲಿ ಸಿಡಿಮದ್ದು ಸಿಡಿಸಿ ಮೀನು ಕೊಲ್ಲುವ ಚಾಳಿಯೂ ಬೆಳೆದಿತ್ತು. 1970ರ ದಶಕದ ಕೊನೆಗೆ ಮೂವರು ಬ್ರಿಟಿಷ್ ಯುವಕರ ತಂಡ ಕಾವೇರಿಗೆ ಬಂದು ದೊಡ್ಡ ಮಹಸೀರ್‌ಗಳು ಇನ್ನೂ ಉಳಿದಿವೆ ಎಂದು ತೋರಿಸಿಕೊಟ್ಟಿತು. ಅವರಲ್ಲೊಬ್ಬರಾದ ರಾಬರ್ಟ್ ಹೊವಿಟ್ ಕಾವೇರಿಯಲ್ಲಿ ಭಾರಿ ಮೀನೊಂದನ್ನು ಹಿಡಿದರು. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳಲ್ಲಿ ಶಿಬಿರಗಳೆದ್ದವು. ಹಿಡಿದ ಮೀನನ್ನು ತೂಗಿ, ಚಿತ್ರ ತೆಗೆದು, ನೀರಿಗೇ ಬಿಡುವುದು ಅಲ್ಲಿ ನಿಯಮವಾಯಿತು. ಕಳ್ಳಬೇಟೆಯ ಮೇಲೆ ಕಾವಲು ಬಿತ್ತು. ಸ್ಥಳೀಯರ ತೆಪ್ಪಕ್ಕೆ ಕೆಲಸ ಸಿಕ್ಕಿತು. ಕಾವೇರಿ ವನ್ಯಜೀವಿಧಾಮದಲ್ಲಿ ಗಾಳ ಹಾಕುವುದು 2012ರ ಹೊತ್ತಿಗೆ ಪೂರ್ತಿ ನಿಂತಿತು.

ಕಬಿನಿಯ ಕಥೆ ಅದಕ್ಕೂ ಮೊದಲೇ ಬೇರೆ ದಾರಿ ಹಿಡಿದಿತ್ತು. 1974ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಅಣೆಕಟ್ಟು ಮುಗಿದು ಕಾಕನಕೋಟೆಯ ಕಾಡಿನ ಒಂದು ಭಾಗ ಮುಳುಗಿತು. ಮುಂಗಾರಿನಲ್ಲಿ ಮೇಲೇರುವ ಮೀನಿಗೆ ಗೋಡೆ ಅಡ್ಡ ಬಂತು.

ಇನ್ನೊಂದು ಪೆಟ್ಟು ಒಳ್ಳೆಯ ಉದ್ದೇಶದಿಂದಲೇ ಬಿತ್ತು. ಮಹಸೀರ್ ಉಳಿಸಬೇಕೆಂದು ಲೋನಾವಳದ ಮರಿ ಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಸೀರ್ ಮರಿಗಳನ್ನು 1970ರ ದಶಕದಿಂದ ಕಾವೇರಿಗೆ ಬಿಡಲಾಯಿತು. ಅವು ಹೆಚ್ಚುತ್ತ ಹೋದಂತೆ ಇಲ್ಲಿನದೇ ಆದ ಗೂನುಬೆನ್ನಿನ ಮಹಸೀರ್ ಕಾಣೆಯಾಗುತ್ತ ಬಂತು. ಇದು ಬಯಲಾದದ್ದು ಗಾಳಿಬೋರೆಯ ಗಾಳಗಾರರು 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕದ ಪುಸ್ತಕಗಳಿಂದ. ದಾಖಲೆಗಳನ್ನು ಬರೆಸಿದ ಆ ದೈತ್ಯನಿಗೆ ವಿಜ್ಞಾನದಲ್ಲಿ ಖಚಿತವಾದ ಹೆಸರೂ ಇರಲಿಲ್ಲ. 2018ರಲ್ಲಿ, ಬಂಡೀಪುರದ ದಕ್ಷಿಣದ ಅಂಚಿಗೆ ಹರಿಯುವ ಮೋಯಾರ್ ಹೊಳೆಯ ಮೀನುಗಳನ್ನು ಪರೀಕ್ಷಿಸಿದ ಸಂಶೋಧಕರು ಅದು ಟೋರ್ ರೆಮಾದೇವಿ ಎಂದು ಗುರುತಿಸಿದರು. ಅದೇ ವರ್ಷ ಅದು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಜಾಗತಿಕ ಪಟ್ಟಿ ಸೇರಿತು. ಹುಲಿಗೆ ಸಿಕ್ಕ ಕಾಳಜಿಯ ಒಂದು ಪಾಲಾದರೂ ಈ ಮೀನಿಗೆ ಸಿಗಬೇಕಿತ್ತು.

ಈಗಲೂ ಹಿನ್ನೀರಿನಲ್ಲಿ ತೆಪ್ಪ ತೇಲಿಸಿ ಬಲೆ ಬೀಸುವವರಿದ್ದಾರೆ. ಕಬಿನಿಯಲ್ಲಾಗಲಿ, ಕೆ.ಆರ್. ನಗರದ ಕಡೆಯ ಕಾವೇರಿಯಲ್ಲಾಗಲಿ, ತಲೆಯ ಹಿಂದೆ ಬೆನ್ನು ಎತ್ತರಕ್ಕೆ ಉಬ್ಬಿದ, ಬಾಲ ಕಿತ್ತಳೆ ಬಣ್ಣದ ಮಹಸೀರ್ ಬಲೆಗೆ ಬಂದರೆ ಅದನ್ನು ನೀರಿನಿಂದ ಹೆಚ್ಚು ಹೊತ್ತು ಹೊರಗಿಡದೆ ಹಾಗೆಯೇ ಬಿಟ್ಟುಬಿಡಿ, ಕಂಡ ಜಾಗವನ್ನು ಅರಣ್ಯ ಇಲಾಖೆಗೋ ಮೀನುಗಾರಿಕೆ ಇಲಾಖೆಗೋ ತಿಳಿಸಿ.